ಮರ ಕುಡಿಯುವಷ್ಟು

ಹೊಳೆಯ ಕಡೆ ಚಾಚಿದ ಮರದ ಹಲಗೆಯ ಡೆಕ್‌ಗೆ ಯಾವ ಬಣ್ಣದ ಎಣ್ಣೆ ಸ್ಟೇನ್ ಹಚ್ಚಿಸಬೇಕೆಂಬುದು ಇನ್ನು ನಿನ್ನ ತೀರ್ಮಾನ ಎಂದು ಅಣ್ಣ ಊಟದ ನಡುವೆ ನನಗೆ ಹೇಳಿದ. ಅತ್ತಿಗೆ ತಟ್ಟೆಯಿಂದ ತಲೆ ಎತ್ತಿ ಮೊದಲು ಅವನನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ನಕ್ಕರು. ಆ ನೋಟಕ್ಕೂ ಈ ನಗುವಿಗೂ ನಡುವೆ ಒಂದು ಸಣ್ಣ ತಡವಿತ್ತು. ನನಗೆ ಇಂಥವು ಬೇಗ ಕಣ್ಣಿಗೆ ಬೀಳುತ್ತವೆ.

“ಇದೊಂದು ಚೆನ್ನಾಗಿ ಮುಗಿಸಿಬಿಡು ಪುಟ್ಟಿ,” ಅಂದ ಅಣ್ಣ. “ಸೀಸನ್ ಶುರುವಾದ ಮೇಲೆ ಕೌಂಟರ್‌ನಲ್ಲಿ ನೀನೇ ಕೂತ್ಕೊ. ಅದು ನಿನ್ನ ಜಾಗ ಅಲ್ವಾ.”

ನಮ್ಮದು ಚಿಕ್ಕ ಲಾಡ್ಜ್. ಅಪ್ಪ ತೀರಿಕೊಂಡ ಮೇಲೆ ಹೊರಗಿನ ಓಡಾಟ ಅಣ್ಣನದು, ಅಡುಗೆಮನೆ ಅತ್ತಿಗೆಯದು, ಕೌಂಟರ್ ನನ್ನದು ಎಂದು ಯಾರೂ ಹೇಳದೆಯೇ ಹಂಚಿಕೆಯಾಗಿತ್ತು. ಬೀಗದ ಕೈಗಳ ಹಲಗೆ, ಫೋನು, ಯಾರಿಗೆ ಮೆಟ್ಟಿಲು ಹತ್ತಲಾಗದು, ಯಾರಿಗೆ ಹೊಳೆಯ ಸದ್ದಿಗೆ ನಿದ್ದೆ ಬಾರದು, ಎಲ್ಲವೂ ನನ್ನ ತಲೆಯಲ್ಲಿರುತ್ತಿತ್ತು. ಹೋದ ವರ್ಷ ನನಗೇ ನಿದ್ದೆ ಬಾರದಾಯಿತು. ಗ್ಯಾಸ್ ಆರಿಸಿದ್ದೇನೆಯೇ, ಹಿಂಬಾಗಿಲು ಹಾಕಿದ್ದೇನೆಯೇ ಎಂದು ನೋಡಿದ್ದನ್ನೇ ನೋಡುತ್ತಿದ್ದೆ. ಕೊನೆಗೆ ಅತಿಥಿಗಳ ಬಾಗಿಲು ತಟ್ಟಿ, ಹೀಟರ್ ಆರಿಸಿದ್ದೀರಾ ಎಂದು ಕೇಳತೊಡಗಿದೆ. ಅಲ್ಲಿಂದ ಡಾಕ್ಟರು, ಮಾತ್ರೆ, ವಿಶ್ರಾಂತಿ. ನಿದ್ದೆ ಮರಳಿ ಬಂತು. ಕೌಂಟರ್ ಬರಲಿಲ್ಲ. ಅಲ್ಲಿ ಅತ್ತಿಗೆ ಕೂತಿದ್ದರು, ನಾನು ಹಿಂದಿನ ಕೋಣೆಯಲ್ಲಿ ದಿಂಬಿನ ಚೀಲ ಮಡಚುತ್ತಿದ್ದೆ.

ಹಾಗಾಗಿ ಡೆಕ್ ನನಗೆ ಬರೀ ಡೆಕ್ ಆಗಿರಲಿಲ್ಲ.

ನಮ್ಮ ಮನೆಯಲ್ಲಿ ಬಣ್ಣದ ವಿಷಯಕ್ಕೆ ಒಂದು ಪದ್ಧತಿಯಿದೆ. ಹಳೆಯದನ್ನು ಕೆರೆಯುವುದಿಲ್ಲ, ಅದರ ಮೇಲೇ ಹೊಸದನ್ನು ಬಳಿಯುತ್ತೇವೆ. ದಪ್ಪಗೆ ಬಳಿಯುವುದು ಧಾರಾಳತನ, ತೆಳ್ಳಗೆ ಬಳಿಯುವುದು ಜುಗ್ಗತನ ಎಂಬುದು ಅಪ್ಪನ ಕಾಲದ ನಂಬಿಕೆ. ಕಿಟಕಿಯ ಚೌಕಟ್ಟುಗಳು ಬಣ್ಣ ತಿಂದು ತಿಂದು ಎಷ್ಟು ಊದಿಕೊಂಡಿವೆಯೆಂದರೆ ಮಹಡಿಯ ಒಂದು ಕಿಟಕಿಯೂ ಪೂರ್ತಿ ಮುಚ್ಚುವುದಿಲ್ಲ. ವರ್ಷವರ್ಷ ಬರುವ ಪೇಂಟರನೂ ನಮಗೆ ತಕ್ಕವನೇ. ಕೇಳಿದರೂ ಕೇಳದಿದ್ದರೂ “ಡಬಲ್ ಕೋಟು ಹೊಡೆದುಬಿಡೋಣ” ಅನ್ನುವವನು. ಅವನ ಹೆಸರೇ ಮರೆತುಹೋಗಿ ಎಲ್ಲರಿಗೂ ಅವನು ಡಬಲ್ ಕೋಟು.

ಗೋಡೆಗೆ ಇದು ನಡೆಯುತ್ತದೆ, ಎಣ್ಣೆ ಸ್ಟೇನ್‌ಗೆ ನಡೆಯುವುದಿಲ್ಲ. ಅದು ಮರದ ಮೇಲೆ ಪದರವಾಗಿ ಕೂರುವ ವಸ್ತುವಲ್ಲ, ಮರದೊಳಕ್ಕೆ ಇಳಿಯುವ ವಸ್ತು. ಮರ ಕುಡಿಯುವಷ್ಟು ಕುಡಿದ ಮೇಲೆ ಮೇಲುಳಿದದ್ದನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಒರೆಸದಿದ್ದರೆ ಅದು ಒಣಗದೆ ಅಂಟಂಟಾಗಿ ಉಳಿಯುತ್ತದೆ. ಹಲಗೆ ಒಣಗಿರಬೇಕು, ಬರಿದಾಗಿರಬೇಕು, ಹಳೆಯ ವಾರ್ನಿಷ್ ಇದ್ದರೆ ಎಣ್ಣೆಗೆ ಬಾಗಿಲೇ ಇರುವುದಿಲ್ಲ. ಇಷ್ಟನ್ನೂ ನಾನು ಡಬ್ಬಿಗಳ ಬೆನ್ನಿನ ಸಣ್ಣ ಅಕ್ಷರ ಓದಿ ತಿಳಿದುಕೊಂಡೆ. ಅಂಗಡಿಯವನು “ಅದನ್ನೆಲ್ಲ ಯಾರೂ ಓದಲ್ಲ ಮೇಡಂ” ಅಂದಿದ್ದ.

ಡೆಕ್ ಮಾಡಿದಾಗ ಉಳಿದಿದ್ದ ಹಲಗೆಯ ತುಂಡುಗಳನ್ನು ತಂದು ಬೇರೆಬೇರೆ ಸ್ಟೇನ್ ಹಚ್ಚಿ ನೀರಿನ ಟ್ಯಾಂಕಿನ ಪಕ್ಕ ಬಿಸಿಲು ಮಳೆಗೆ ಇಟ್ಟೆ. ಬಣ್ಣವಿಲ್ಲದ ಬರೀ ಎಣ್ಣೆ ಬೇಗ ಸೋತಿತು, ಬಿಸಿಲಿಗೆ ಮರ ಬೂದಿಬಣ್ಣಕ್ಕೆ ತಿರುಗಿತು. ಕಪ್ಪಗಿನ ದಟ್ಟ ಸ್ಟೇನ್ ಮರದ ಗೆರೆಗಳನ್ನೆಲ್ಲ ನುಂಗಿತು. ನಡುವಿನದೊಂದಿತ್ತು, ಜೇನಿನ ಬಣ್ಣದ್ದು. ಗೆರೆ ಕಾಣುತ್ತಿತ್ತು, ಮಳೆ ಬಿದ್ದರೆ ನೀರು ಹನಿಹನಿಯಾಗಿ ಜಾರುತ್ತಿತ್ತು. ಅದನ್ನೇ ಆರಿಸಿದೆ.

ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯದೆ ಕಲ್ಲಿನ ಮೇಲೆ ಒಂದೊಂದಾಗಿ ಹರಡುವುದನ್ನು ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು.

“ಅದ್ಯಾಕೆ ಹಾಗೆ ಮಲಗಿಸ್ತಿದೀಯ?”

“ಮುದ್ದೆ ಮಾಡಿದ್ರೆ ಒಳಗೊಳಗೇ ಬಿಸಿಯಾಗುತ್ತೆ ಅತ್ತಿಗೆ. ಬೆಂಕಿ ಹತ್ಕೊಳ್ಳೋದೂ ಉಂಟು.”

“ಬಟ್ಟೆಗೂ ಜ್ವರ ಬರುತ್ತಾ?” ಅತ್ತಿಗೆ ನಕ್ಕು ಒಳಗೆ ಹೋದರು. ಒಳಗಿನಿಂದ ಮತ್ತೊಮ್ಮೆ ನಗು ಕೇಳಿಸಿತು, ಈ ಸಲ ಅಣ್ಣನದೂ ಸೇರಿ. ಡಬ್ಬಿಯ ಮೇಲೆ ಕೆಂಪಕ್ಷರದಲ್ಲಿ ಅಚ್ಚಾಗಿದ್ದುದನ್ನೇ ನಾನು ಹೇಳಿದ್ದೆ. ನನ್ನ ಬಾಯಿಂದ ಬಂದ ಕೂಡಲೇ ಅದು ಕಾಯಿಲೆಯ ಮಾತಾಯಿತು.

ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸಿದ ದಿನ ಡಬಲ್ ಕೋಟೂ ಇದ್ದ. ಅತ್ತಿಗೆಗೆ ಕಪ್ಪಗೆ ಹೊಳೆಯುವುದು ಬೇಕಿತ್ತು. ಅಣ್ಣ ಕೈ ಎತ್ತಿ, “ನನ್ನ ತಂಗಿ ಹೇಳಿದ್ದೇ ಫೈನಲ್. ಜೇನು ಅಂದ್ರೆ ಜೇನು,” ಅಂದ.

“ಬಣ್ಣಕ್ಕಿಂತ ಮುಖ್ಯ ಇನ್ನೊಂದಿದೆ ಅಣ್ಣ,” ಅಂದೆ. ಒಂದು ಲೋಟ ನೀರು ತೆಗೆದುಕೊಂಡು ಎಲ್ಲರನ್ನೂ ಡೆಕ್‌ಗೆ ಕರೆದುಕೊಂಡು ಹೋದೆ. ಬಿಸಿಲು ಬೀಳುವ ಕಡೆ ಸುರಿದ ನೀರನ್ನು ಹಲಗೆ ಹೀರಿಕೊಂಡಿತು. ಅಂಚಿನ ಕಟಕಟೆಯ ಕಡೆ, ಮರಗಳ ನೆರಳಿರುವಲ್ಲಿ, ನೀರು ಗುಂಡಗೆ ನಿಂತಿತು.

“ನೋಡಿ, ಇಲ್ಲಿ ಹಳೇ ವಾರ್ನಿಷ್ ಇನ್ನೂ ಇದೆ. ನೀರೇ ಇಳೀದಿದ್ರೆ ಎಣ್ಣೆ ಹೇಗೆ ಇಳಿಯುತ್ತೆ? ಇಷ್ಟನ್ನೂ ಕೆರೀಬೇಕು, ಒಣಗೋಕೆ ಬಿಡಬೇಕು. ಆಮೇಲೆ ಒಂದೇ ಕೋಟು, ತೆಳ್ಳಗೆ. ಹಚ್ಚಿದ ಹಿಂದೆಯೇ ಒರೆಸಬೇಕು.”

“ಹಚ್ಚಿದ್ದನ್ನ ಒರೆಸೋದಾ!” ಡಬಲ್ ಕೋಟು ಕಿವಿ ಮುಟ್ಟಿಕೊಂಡ. “ಮೇಡಂ, ನನ್ನ ಹೆಸರಿಗೇ ಕುತ್ತು ತರ್ತೀರಲ್ಲ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅದೂ ಕಾಯಿಲೆಯ ಲೆಕ್ಕಕ್ಕೆ ಬರುತ್ತಿತ್ತು. “ಆಯ್ತು, ಆಯ್ತು, ನೀನು ಹೇಳಿದ ಹಾಗೇ,” ಅಂದ ಅಣ್ಣ. ಆ ಎರಡನೆಯ ‘ಆಯ್ತು’ವನ್ನು ನಾನು ಗಮನಿಸಿದೆ, ಗಮನಿಸಿದ್ದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಕೆರೆಯುವ ಕೆಲಸ ನಾನೇ ಶುರು ಮಾಡಿದೆ. ನೆರಳಿನ ಕಡೆ ಇನ್ನೂ ಬಹಳ ಉಳಿದಿರುವಾಗಲೇ ಬುಕಿಂಗ್ ಒಂದು ಬಂತು. ಊರಿನ ಶಾಲೆಯ ಹೆಡ್‌ಮಿಸ್ಸು ನಿವೃತ್ತರಾಗುತ್ತಿದ್ದರು, ಅವರ ಬೀಳ್ಕೊಡುಗೆಯ ಊಟ ಡೆಕ್ ಮೇಲೇ ಆಗಬೇಕಿತ್ತು. ನಾನು ದಿನ ಮುಂದೂಡೋಣ ಅಂದೆ, ಇಲ್ಲವೇ ಒಳಗಿನ ಹಾಲ್ ಕೊಡೋಣ ಅಂದೆ. ಅಣ್ಣ “ನೋಡೋಣ” ಅಂದ. ಮಾರನೆಯ ದಿನ ಡಾಕ್ಟರ ಹತ್ತಿರ ನನ್ನನ್ನು ತೋರಿಸಿಕೊಂಡು ಬರಬೇಕಿದೆಯೆಂದು ಅತ್ತಿಗೆಗೆ ನೆನಪಾಯಿತು. ಹೋದೆವು. ದಾರಿಯಲ್ಲಿ ಅವರಿಗೆ ಬಟ್ಟೆ ಅಂಗಡಿಯೂ ನೆನಪಾಯಿತು, ಅವರ ತಂಗಿಯ ಮನೆಯೂ ನೆನಪಾಯಿತು. ಆ ರಾತ್ರಿ ಅಲ್ಲೇ ಉಳಿದೆವು.

ಹಿಂದಿರುಗಿದಾಗ ಡೆಕ್ ಹೊಳೆಯುತ್ತಿತ್ತು.

ಸ್ಟೇನ್ ನಾನು ಆರಿಸಿದ್ದೇ. ಆದರೆ ಕಟಕಟೆಯ ಕಡೆ ನಾನು ಕೆರೆದು ನಿಲ್ಲಿಸಿದ್ದ ಗೆರೆಯೇ ಕಾಣದಂತೆ ಕೆರೆದದ್ದು, ಕೆರೆಯದೆ ಉಳಿದದ್ದು ಎಲ್ಲದರ ಮೇಲೂ ದಪ್ಪಗೆ ಹರಿದಿತ್ತು. ಹಲಗೆಗಳ ಸಂದಿಯಲ್ಲಿ ಅದು ಪಾಕದಂತೆ ನಿಂತಿತ್ತು.

“ಹೇಗಿದೆ ನಿನ್ನ ಜೇನು?” ಅಣ್ಣ ಎದೆ ಉಬ್ಬಿಸಿದ. “ಡಬಲ್ ಅಲ್ಲ, ತ್ರಿಬಲ್ ಹೊಡೆಸಿದೀನಿ. ನಿನ್ನ ಕೆಲಸಕ್ಕೆ ಜುಗ್ಗತನ ಮಾಡ್ತೀನಾ?”

ನಾನು ಕೂತು ಬೆರಳಿಟ್ಟೆ. ಬೆರಳು ಎದ್ದು ಬರುವಾಗ ಸಣ್ಣ ಸದ್ದಾಯಿತು.

“ಅಂಟುತ್ತಿದೆ ಅಣ್ಣ. ಒರೆಸಿಲ್ಲ.”

“ಹೊಸದು ಅಂಟದೆ ಇರುತ್ತಾ? ಊಟದ ದಿನಕ್ಕೆ ಒಣಗುತ್ತೆ ಬಿಡು.”

“ಒಣಗಲ್ಲ. ನೆರಳಿನ ಕಡೆ ಒಣಗೋದೇ ಇಲ್ಲ. ಈಗಲೇ ಟರ್ಪೆಂಟೈನ್ ಬಟ್ಟೆಯಲ್ಲಿ ಉಜ್ಜಿದ್ರೆ ಮೇಲಿಂದಷ್ಟಾದ್ರೂ ಬರುತ್ತೆ. ನಾನೇ ಉಜ್ತೀನಿ.”

ಮಂಡಿಯೂರಿ ಉಜ್ಜತೊಡಗಿದೆ. ಅಂಟು ಬರುತ್ತಿತ್ತು, ಅಡಿಯ ಹಲಗೆ ಮಂಕಾಗಿ, ಒಣಗಿ ಕಾಣುತ್ತಿತ್ತು. ಒಂದು ಮೂಲೆ ಮುಗಿಯುವ ಹೊತ್ತಿಗೆ ಅತ್ತಿಗೆ ಬಂದು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ, ಮಗುವಿನ ಕೈಯಿಂದ ಕತ್ತರಿ ಬಿಡಿಸುವ ಹಾಗೆ ಮೆಲ್ಲಗೆ ಬಿಡಿಸಿದರು.

“ಮಹಡಿಯವರು ಕಿಟಕೀಲಿ ನೋಡ್ತಿದಾರೆ. ಆದ ಕೆಲಸನ ಅಳಿಸ್ತಾ ಕೂತ್ರೆ ಏನಂದ್ಕೋಬೇಕು? ಡಾಕ್ಟರ್ ನಿನ್ನೆ ತಾನೆ ಹೇಳಿದ್ರು, ಯಾವುದನ್ನೂ ತಲೆಗೆ ಹಚ್ಕೋಬೇಡ ಅಂತ.”

ನಾನು ಎದ್ದೆ. ಎದ್ದು ಹೋಗದೆ ಅಲ್ಲೇ ಕೂತಿದ್ದರೆ ಏನಾಗುತ್ತಿತ್ತೋ. ಉಜ್ಜಲು ಹಟ ಹಿಡಿದರೆ ಕೌಂಟರ್ ಹೋಗುತ್ತದೆ, ಉಜ್ಜದಿದ್ದರೆ ಡೆಕ್ ಹೋಗುತ್ತದೆ ಎಂದು ಮಾತ್ರ ಆಗ ಹೊಳೆದದ್ದು. ಕೌಂಟರ್ ಉಳಿಸಿಕೊಳ್ಳಲು ಎದ್ದೆ.

ಊಟದ ದಿನ ಮೋಡ ಕವಿದಿತ್ತು. ಹಳೆಯ ವಿದ್ಯಾರ್ಥಿಗಳು, ಮೇಷ್ಟರುಗಳು, ಅವರ ಮಕ್ಕಳು ಬಂದರು. ಬಂದವರೆಲ್ಲ ಡೆಕ್ ನೋಡಿ ಬೆರಗಾದರು. ಅಣ್ಣ ಎಲ್ಲರಿಗೂ “ನಮ್ಮ ಹುಡುಗರು ಹಗಲೂ ರಾತ್ರಿ ದುಡಿದಿದಾರೆ” ಅನ್ನುತ್ತಿದ್ದ. ಮೆಚ್ಚುಗೆಯ ಹೊತ್ತಿನಲ್ಲಿ ನನ್ನ ಹೆಸರು ಅವನಿಗೆ ನೆನಪಾಗಲಿಲ್ಲ.

ಮೊದಲು ಕುರ್ಚಿಗಳು ಮಾತಾಡಿದವು. ಯಾರೋ ಹಿಂದಕ್ಕೆ ಎಳೆದಾಗ ಕಾಲು ಹಲಗೆಗೆ ಕಚ್ಚಿ, ಕುರ್ಚಿ ಮುಗ್ಗರಿಸಿತು. ಆಮೇಲೆ ಚಪ್ಪಲಿಗಳು. ಒಬ್ಬ ಮೇಷ್ಟರು ಹೆಜ್ಜೆ ಎತ್ತಿದರು, ಚಪ್ಪಲಿ ಅಲ್ಲೇ ಉಳಿಯಿತು. ಜನ ನಕ್ಕರು, ಮೇಷ್ಟರೂ ನಕ್ಕರು. ಭಾಷಣ ಮುಗಿಸಿ ಹೆಡ್‌ಮಿಸ್ಸು ಕಟಕಟೆಯ ಕಡೆಯ ಮೆಟ್ಟಿಲ ಮೇಲೆ ಫೋಟೋಗೆಂದು ಕೂತಿದ್ದರು. ಎದ್ದಾಗ ಅವರ ಬಿಳಿಯ ಉಡುಪಿನ ಹಿಂಭಾಗದಲ್ಲಿ ಅಡ್ಡಡ್ಡ ಕಂದು ಪಟ್ಟಿಗಳಿದ್ದವು. ಅವರ ಮೊಮ್ಮಗು ಅಂಬೆಗಾಲಿಟ್ಟುಕೊಂಡು ಹಿಂದೆಯೇ ಬಂತು. ಎರಡು ಅಂಗೈ, ಎರಡು ಮಂಡಿ ಜೇನುಬಣ್ಣ, ಒಂದು ಕೈ ಬಾಯಲ್ಲಿ. ಆಗ ನಗು ನಿಂತಿತು.

ಮಗುವಿನ ಬಾಯಿ ತೊಳೆಸಿ ಬಂದ ಹೆಡ್‌ಮಿಸ್ಸು ಕೌಂಟರ್ ಎದುರು ನಿಂತರು. ಅಲ್ಲಿ ಅಣ್ಣ, ಅತ್ತಿಗೆ, ಒರೆಸುವ ಬಟ್ಟೆ ಹಿಡಿದು ನಾನು.

“ಯಾರ ಕೆಲಸ ಇದು? ಒಣಗದ ಬಣ್ಣದ ಮೇಲೆ ಜನರನ್ನ ಕೂರಿಸ್ತೀರಾ? ಮಗು ಬಾಯಿಗಿಟ್ಕೊಂಡಿದೆ! ಇದನ್ನ ನಾನು ಸುಮ್ನೆ ಬಿಡಲ್ಲ, ಊರಿಗೆಲ್ಲ ಗೊತ್ತಾಗಬೇಕು.”

ಅಣ್ಣನ ಮುಖ ಬಿಳಿಚಿತು. ಅವನು ನನ್ನನ್ನು ನೋಡಿದ. ಆಮೇಲೆ ಕೌಂಟರ್ ದಾಟಿ ಹೋಗಿ ಅವರ ಪಕ್ಕ ನಿಂತು, ದನಿ ತಗ್ಗಿಸಿದ. ನನಗೆ ಕೇಳಿಸಲಾರದಷ್ಟೇನೂ ತಗ್ಗಿಸಲಿಲ್ಲ.

“ಸ್ಟೇನ್ ಆರಿಸಿದ್ದು ನನ್ನ ತಂಗಿ ಮಿಸ್. ಅವಳಿಗೆ… ಹೋದ ವರ್ಷದಿಂದ ಹುಷಾರಿಲ್ಲ. ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಅವಳ ಕೈಗೆ ಕೊಟ್ಟಿದ್ವಿ. ಬೇಡ ಅನ್ನೋಕೂ ಭಯ, ನೊಂದ್ಕೊಂಡ್ರೆ ಕಷ್ಟ. ತಪ್ಪು ನಮ್ದೇ ಅನ್ನಿ.”

ಅತ್ತಿಗೆ ಸೆರಗಿನಂಚನ್ನೋ ಏನನ್ನೋ ಸರಿಪಡಿಸುತ್ತಾ ತಲೆ ತಗ್ಗಿಸಿದರು.

ಹೆಡ್‌ಮಿಸ್ಸಿನ ಸಿಟ್ಟು ನನ್ನ ಕಣ್ಣೆದುರೇ ಕರಗಿತು. ಅದು ಕರಗಿ ಇನ್ನೇನೋ ಆದದ್ದನ್ನು ನೋಡುವುದಕ್ಕಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. ಅವರು ನನ್ನ ಹತ್ತಿರ ಬಂದು, ಒಂದನೆಯ ತರಗತಿಯ ಮಕ್ಕಳ ಮುಂದೆ ಬಾಗುವ ಹಾಗೆ ಸ್ವಲ್ಪ ಬಾಗಿದರು.

“ನೀವೇ ಆರಿಸಿದ್ದಾ ಅಮ್ಮಾ?”

ನನ್ನ ಹತ್ತಿರ ಉತ್ತರವಿತ್ತು. ವಾರ್ನಿಷ್, ಕೆರೆತ, ಒರೆಸುವಿಕೆ, ನೀರಿನ ಲೋಟ, ಡಾಕ್ಟರ ಬಳಿಗೆ ಕರೆದೊಯ್ದ ದಿನ, ಎಲ್ಲ ಕ್ರಮವಾಗಿ ನಾಲಗೆಯ ತುದಿಯಲ್ಲಿತ್ತು. ಆದರೆ ಅದನ್ನೆಲ್ಲ ಹೇಳಲು ಹೊರಟರೆ ನಾನು ಬಹಳ ಮಾತಾಡಬೇಕಾಗುತ್ತದೆ. ನನ್ನ ದನಿ ಏರುತ್ತದೆ. ಅಣ್ಣ ಈಗಷ್ಟೇ ಹೇಳಿದ್ದಕ್ಕೆ ನಾನೇ ಸಾಕ್ಷಿಯಾಗುತ್ತೇನೆ. ಸುಮ್ಮನಿದ್ದರೆ ತಪ್ಪಿತಸ್ಥೆ, ಮಾತಾಡಿದರೆ ಹುಚ್ಚಿ.

“ಹೌದು,” ಅಂದೆ. “ಬಣ್ಣ ನಾನೇ ಆರಿಸಿದ್ದು.”

“ಬಣ್ಣ ಚೆನ್ನಾಗೇ ಇದೆ,” ಅಂದರು ಅವರು ನನ್ನ ಭುಜ ತಟ್ಟಿ. ಅಣ್ಣನ ಕಡೆ ತಿರುಗಿ, “ಇವರ ಮೇಲೆ ಇಷ್ಟೊಂದು ಭಾರ ಹಾಕ್ಬೇಡಿ,” ಅಂದರು. ಊರಿಗೆ ಹೇಳುವ ಮಾತನ್ನು ಮತ್ತೆ ಎತ್ತಲಿಲ್ಲ. ಹೇಳುವುದಾದರೂ ಇನ್ನೇನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಲಾಡ್ಜಿನ ಹೆಸರು ಉಳಿಯಿತು.

ಮಾರನೆಯ ಬೆಳಿಗ್ಗೆ ನಾನು ಕಟಕಟೆಯ ಹತ್ತಿರ ಕೂತು ಅಂಟನ್ನು ಕೆರೆಯುತ್ತಿದ್ದಾಗ ಅಣ್ಣ ಕಾಫಿ ಹಿಡಿದು ಬಂದ. ಅವನ ಮುಖದಲ್ಲಿ ನಿಜವಾದ ನೋವಿತ್ತು, ಅದು ನಟನೆಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಬೇಜಾರು ಮಾಡ್ಕೋಬೇಡ ಪುಟ್ಟಿ. ಏನಾದ್ರೂ ಹೇಳಲೇಬೇಕಿತ್ತಲ್ಲ. ಕೌಂಟರ್… ಈ ಸೀಸನ್ ಅತ್ತಿಗೆಯೇ ನೋಡ್ಕೊಳ್ಳಲಿ. ಜನ ಮರೆತ ಮೇಲೆ ನೋಡೋಣ.”

ಕೆರೆಯುವ ಉಳಿಯನ್ನು ಕೆಳಗಿಟ್ಟೆ. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಮೆಲ್ಲಗೆ, ಒಂದರ ಹಿಂದೆ ಒಂದಾಗಿ ಹೇಳಿದೆ. ನೀರು ಗುಂಡಗೆ ನಿಂತದ್ದನ್ನು ನೀನೂ ನೋಡಿದ್ದೆ. ನಾನು ಒಂದೇ ಕೋಟು ಅಂದಿದ್ದೆ. ಒರೆಸಬೇಕು ಅಂದಿದ್ದೆ. ಉಜ್ಜಲು ಕೂತವಳನ್ನು ಎಬ್ಬಿಸಿದಿರಿ. ನಾನು ಆರಿಸಿದ್ದು ಡಬ್ಬಿಯೊಳಗಿನದನ್ನು, ಹಲಗೆಯ ಮೇಲಿನದು ನಿನ್ನದು. ದನಿ ಏರಿಸಲಿಲ್ಲ. ಒಂದು ಮಾತೂ ಹೆಚ್ಚಾಗಲಿಲ್ಲ.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಮುಗಿದ ಮೇಲೆ ಕಾಫಿ ಲೋಟವನ್ನು ನನ್ನ ಕೈಗೆ ಕೊಟ್ಟು, ಬಹಳ ಅಕ್ಕರೆಯಿಂದ ಕೇಳಿದ.

“ಇವತ್ತು ಮಾತ್ರೆ ತಗೊಂಡ್ಯಾ?”

“ತಗೊಂಡೆ,” ಅಂದೆ.

ಅವನಿಗೆ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ, ಒಳಗೆ ಹೋಗಿ ಅತ್ತಿಗೆಯನ್ನು ಕೇಳಿದ.