ವಸ್ತಿ ಅಂದರೆ ಒಂದು ರಾತ್ರಿಯಲ್ಲ

ಅಂಕಲಿ ಊರಿನ ಹೊರಗೆ, ಕಬ್ಬಿನ ನಡುವೆ ಲಕ್ಕವ್ವನ ಮನೆ. ಸುತ್ತ ಇನ್ನೂ ಕೆಲವು ಮನೆಗಳು. ತೋಟದಲ್ಲಿರುವ ಇಂಥ ಮನೆಗಳ ಗುಂಪಿಗೆ ಈ ಕಡೆ ‘ವಸ್ತಿ’ ಎನ್ನುತ್ತಾರೆ. ಇಲ್ಲಿಯ ಮಕ್ಕಳು ಅಂಗನವಾಡಿಗೆ ಹೋಗಲು ಕಬ್ಬಿನ ಟ್ರ್ಯಾಕ್ಟರ್ ಓಡುವ ರಸ್ತೆ ದಾಟಬೇಕು. ಮೊನ್ನೆ ಲಕ್ಕವ್ವನ ಮೊಮ್ಮಗಳು ಸೀಮಾ ಗಾಲಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ವಸ್ತಿಯಲ್ಲೇ ಅಂಗನವಾಡಿ ಬೇಕೆಂದು ಕೇಳಿದರೆ ಕಚೇರಿಯಿಂದ ಬಂದ ಉತ್ತರ: “ಜನಗಣತಿಯಲ್ಲಿ ಅಲ್ಲಿ ಮನೆಗಳೇ ಇಲ್ಲ.”

ಆ ವಾರವೇ ಅಕ್ಕೋಳದ ಮನೀಷಾ ಬಂದಳು. ಗಣತಿಯಲ್ಲಿ ಬಿಟ್ಟುಹೋದ ಮನೆಗಳನ್ನು ಹುಡುಕುವ ಸಂಶೋಧನಾ ತಂಡದವಳು. ಉತ್ಸಾಹದಿಂದ ಮೊಬೈಲಿನ ನಕ್ಷೆ ತೋರಿಸಿದಳು.

“ನೋಡ್ರಿ ಆಯಿ, ಇಲ್ಲಿ ಲೈಟ್ ಮೀಟರ್ ಅದಾವ. ಲಸಿಕಿ ಹಾಕಿದ ಕೂಸುಗಳೂ ಅದಾವ. ಗಣತಿಯೊಳಗ ಮಾತ್ರ ಮನಿ ಇಲ್ಲ. ಎಲ್ಲಾ ಮಾಹಿತಿ ಜೋಡಿಸಿದ ಮ್ಯಾಲ ಗೊತ್ತಾತು.”

“ಅಂದ್ರ ನಾವೇನು ದೆವ್ವ ಏನ್ ಬೇ?” ಲಕ್ಕವ್ವ ನಕ್ಕಳು. “ದೆವ್ವಕ್ಕ ಲೈಟ್ ಬಿಲ್ ಮಾತ್ರ ತಪ್ಪದ ಬರ್ತೈತಲ್ಲ.”

ಅವಳ ಗಂಡ ಮುರಗೆಪ್ಪ ನಗಲಿಲ್ಲ. “ಎಲ್ಲಾ ಜೋಡಿಸಿ ನಾಳೆ ರೇಷನ್ ಕಾರ್ಡ್ ಕತ್ತರಸ್ತೀರಿ. ನಡಿ ತಂಗಿ.”

“ಆಫೀಸಿನವ್ರು ಹೆಸರು ತಗದ ಮಾಹಿತಿ ಅಷ್ಟ ಕೊಡ್ತಾರ್ರಿ ಕಾಕಾ. ನಿಮ್ಮ ಹೆಸರು ನಮಗ ಕಾಣಂಗಿಲ್ಲ. ಮಂದಿ ಇದ್ದೂ ಎಣಕಿ ಎಲ್ಲಿ ತಪ್ಪೈತಿ, ಅಷ್ಟ ಕಾಣತೈತಿ. ಮುಂದಿನ ಗಣತಿಯವ್ರಿಗೆ ದಾರಿ ತೋರಸಾಕ.”

ಲಕ್ಕವ್ವನಿಗೆ ಏನೋ ನೆನಪಾಯಿತು. “ಹೋದ ಗಣತ್ಯಾಗ ಒಬ್ಬ ಮಾಸ್ತರ ಬಂದಿದ್ದ, ದೂರದ ಊರಾಂವ. ‘ನೀವು ಇಲ್ಲಿ?’ ಅಂದ. ‘ವಸ್ತಿ ಅದೇವ್ರಿ’ ಅಂದ್ನಿ. ‘ಹಂಗಾರ ನಿಮ್ಮೂರಾಗ ಬರಕೊಳ್ತಾರ’ ಅಂತ ಹೋದ.”

ಮನೀಷಾ ಹಣೆ ಹಿಡಿದುಕೊಂಡಳು. “ಆಯಿ, ವಸ್ತಿ ಬಸ್ಸು ಅಂತೀವಲ್ಲ, ರಾತ್ರಿ ನಿಂತು ಮುಂಜಾನೆ ಹೋಗೂದು? ನೀವೂ ಒಂದ ರಾತ್ರಿ ಮಲಗಾಕ ಬಂದೀರಿ ಅಂತ ತಿಳಕೊಂಡಾನ.”

ಮುರಗೆಪ್ಪ ಅಂಗಳದಲ್ಲಿ ಆಡುತ್ತಿದ್ದ ಸೀಮಾಳನ್ನು ನೋಡಿದ. ಎದ್ದು ಚಪ್ಪಲಿ ಮೆಟ್ಟಿದ.

“ಎಲ್ಲಿಗೆ ಹೊಂಟ್ರಿ?” ಎಂದಳು ಲಕ್ಕವ್ವ.

“ನಾಮದೇವನ ಮನಿ ಆ ಕಬ್ಬಿನ ಹಿಂದ ಐತಿ. ಅವನ ಮನ್ಯಾಗ ಲೈಟೂ ಇಲ್ಲ, ಇವಳ ನಕ್ಷಾದಾಗ ಹೆಂಗ ಕಾಣಬೇಕು? ಬಾ ತಂಗಿ, ತೋರಸ್ತೀನಿ.”

ಅಕ್ಕ ಅಣ್ಣಂದಿರೇ, ಎಣಿಕೆ ಆದ ಮರುದಿನವೇ ಅಂಗನವಾಡಿ ಬರುತ್ತದೆ ಎಂದು ಮಾತು ಕೊಡಲಾರೆ. ಆದರೆ ಕೇಳಲು ಹೋದಾಗ “ಅಲ್ಲಿ ಮನೆಯೇ ಇಲ್ಲ” ಎನ್ನುವ ಉತ್ತರ ಯಾರ ಮಗುವಿಗೂ ಸಿಗಬಾರದು. ಗಣತಿಯಲ್ಲಿ ಹೇಳಿದ್ದನ್ನು ಗುಟ್ಟಾಗಿಡಬೇಕೆಂದು ಕಾನೂನಿದೆ, ಅಂಜಬೇಡಿ. ಬಾಗಿಲಿಗೆ ಬಂದವರಿಗೆ ‘ವಸ್ತಿ’ ಎಂದಷ್ಟೇ ಹೇಳಿ ಕಳಿಸಬೇಡಿ. “ವರ್ಷವಿಡೀ ನಮ್ಮ ಒಲೆ ಇಲ್ಲೇ ಉರಿಯುತ್ತದೆ” ಎಂದು ಬಿಡಿಸಿ ಹೇಳಿ. ಆಮೇಲೆ ಕಬ್ಬಿನ ಹಿಂದಿನ ಮನೆಯನ್ನೂ ತೋರಿಸಿ.