ಹತ್ತು ಕಣ್ಣಿನ ಗಾಜು

ನಕ್ಷತ್ರ ಅಳೆಯುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದ್ದರೂ ದೊಡ್ಡಮ್ಮ ದೂರದರ್ಶಕಕ್ಕೆ ಕಣ್ಣಿಟ್ಟದ್ದು ಬೆರಳೆಣಿಕೆಯಷ್ಟು ಸಲ. ಆಕೆಯದು ಹಗಲಿನ ಕೆಲಸ. ಗುಡ್ಡದ ಮೇಲಿನ ವೀಕ್ಷಣಾಲಯದವರು ಆಕಾಶದ ಫೋಟೋವನ್ನು ಗಾಜಿನ ಹಲಗೆಗಳ ಮೇಲೆ ಹಿಡಿದು, ಪೆಟ್ಟಿಗೆಯಲ್ಲಿಟ್ಟು ಕೆಳಗಿನ ಕಚೇರಿಗೆ ಕಳಿಸುತ್ತಿದ್ದರು. ಅವರು ಹೋಗಿ ಮಲಗುವ ಹೊತ್ತಿಗೆ ಈಕೆ ಬಂದು, ರವಿಕೆಯ ತೋಳು ಮಡಚಿ, ದೀಪದ ಪೆಟ್ಟಿಗೆಯ ಮೇಲೆ ಒಂದು ಹಲಗೆ ಇಟ್ಟು ಕೂರುವಳು.

ಗಾಜಿನ ಮೇಲೆ ಆಕಾಶ ತಿರುವುಮುರುವು. ಕತ್ತಲೆಯೆಲ್ಲ ಬೆಳ್ಳಗೆ, ನಕ್ಷತ್ರವೆಲ್ಲ ಕಪ್ಪಗೆ. ಹಾಲಿನಂಥ ನೆಲದ ಮೇಲೆ ಯಾರೋ ಕರಿ ಎಳ್ಳು ಚೆಲ್ಲಿ ಹೋದ ಹಾಗೆ. ಅದರಲ್ಲಿ ಹೇಳಿದ ಚುಕ್ಕಿಯನ್ನು ಹುಡುಕಿ, ಅದು ಇವತ್ತು ಎಷ್ಟು ದಪ್ಪ ಇದೆ ಎಂದು ಬರೆಯುವುದೇ ಕೆಲಸ. ಬೆಳಕು ಹೆಚ್ಚಿದಷ್ಟೂ ಚುಕ್ಕಿ ದಪ್ಪ. ಅದಕ್ಕೊಂದು ಅಳತೆಗಾಜು ಇತ್ತು. ಬೆರಳಗಲದ ಗಾಜಿನ ಚೂರು, ಅದರ ಮೇಲೆ ಸಣ್ಣದರಿಂದ ದೊಡ್ಡದರವರೆಗೆ ಹತ್ತು ಚುಕ್ಕಿ. ಅದನ್ನು ನಕ್ಷತ್ರದ ಪಕ್ಕಕ್ಕೆ ಸರಿಸಿಕೊಂಡು ಹೋಗಬೇಕು. ಆರನೆಯದಕ್ಕೆ ಹೊಂದಿದರೆ ಆರು. ಇಷ್ಟೇ ವಿದ್ಯೆ. ಆದರೆ ಈ ಇಷ್ಟಕ್ಕೆ ಎರಡು ಕಟ್ಟಳೆ. ಬರೆಯುವ ಮೊದಲು ನಿನ್ನೆಯ ಅಂಕಿಯ ಮೇಲೆ ಕಾಗದ ಮುಚ್ಚಬೇಕು. ನಿನ್ನೆಯದು ಕಂಡರೆ ಕಣ್ಣು ಅದನ್ನೇ ಬಯಸುತ್ತದೆ. ಇನ್ನೊಂದು, ತಪ್ಪು ಬರೆದರೆ ಅಳಿಸುವಂತಿಲ್ಲ. ಒಂದೇ ಒಂದು ಗೀಟು ಎಳೆದು, ಕೆಳಗಿನ ಅಂಕಿ ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು.

ತಂಗಿಗೆ ಹೆಣ್ಣು ಮಗು ಹುಟ್ಟಿದಾಗ ಅಂಗೈ ತುಂಬಲೂ ಸಾಲದಷ್ಟು ಪುಟ್ಟದು. "ಅಯ್ಯೋ, ನಮ್ಮ ಹಲಗೆ ಮೇಲಿನ ಎಳ್ಳಲ್ವೇ ಇದು!" ಎಂದಳು ದೊಡ್ಡಮ್ಮ. ಅದೇ ಹೆಸರು ನಿಂತಿತು. ಎಳ್ಳುವಿಗೆ ಈಗ ಒಂಬತ್ತು ವರ್ಷ. ಅವಳ ಅಪ್ಪ ಹಡಗಿನಲ್ಲಿ ಅಡುಗೆಯವನು, ಮನೆಗೆ ಬರುವುದು ಆರು ತಿಂಗಳಿಗೊಮ್ಮೆ. ತಂಗಿಗೆ ಬಸ್ಸಿನ ಸೀಟಿಗೆ ಕವರು ಹೊಲಿಯುವ ಕೆಲಸ. ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೂವರೂ ಇದ್ದರು.

ಎಳ್ಳುವಿನ ಕಾಯಿಲೆ ಬೆಳಗ್ಗೆ ನೋಡಿದವರಿಗೆ ಕಾಯಿಲೆಯೇ ಅಲ್ಲ. ಎದ್ದಾಗ ಕಣ್ಣು ಅಗಲ, ಮೆಟ್ಟಿಲ ಮೇಲೆ ಧಡಧಡ ಸದ್ದು, ಬಾಯಿಗೆ ಬಿಡುವಿಲ್ಲ. ಹೊತ್ತು ಇಳಿದಂತೆ ಅವಳೂ ಇಳಿಯುವಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ರೆಪ್ಪೆ ಅರ್ಧ ಜಾರಿ, ಕೈ ಹತ್ತಿಯಾಗಿ, ಕಂಡದ್ದೆಲ್ಲ ಎರಡೆರಡಾಗುವುದು. "ನರ ಹೇಳಿ ಕಳಿಸಿದ ಮಾತು ಸ್ನಾಯುವಿಗೆ ಮುಟ್ಟೋ ಮೊದಲೇ ದಾರೀಲಿ ಬಿದ್ದುಹೋಗುತ್ತೆ" ಎಂದಿದ್ದರು ಆಸ್ಪತ್ರೆಯ ಡಾಕ್ಟರಮ್ಮ. ಭೂಮಿಯನ್ನೆಲ್ಲ ಜಾಲಾಡಿದರೂ ಈ ಕಾಯಿಲೆಯವರು ಸಿಕ್ಕಿದ್ದು ನಲವತ್ತೊಂದು ಮಕ್ಕಳು.

ಆದರೆ ಎಳ್ಳುವಿಗೆ ಅದರಿಂದ ದೊಡ್ಡ ದುಃಖವೇನೂ ಇರಲಿಲ್ಲ. ಸಂಜೆ ಕಿಟಕಿಯಲ್ಲಿ ಕೂತು, "ದೊಡ್ಡಮ್ಮಾ, ನೀವಿಬ್ಬರೂ ಯಾಕೆ ಒಂದೇ ಥರದ ಬಟ್ಟೆ ಹಾಕ್ಕೊಂಡಿದೀರಿ?" ಎನ್ನುವಳು.

"ನಾವು ಅವಳಿಜವಳಿ ಕಣೇ. ಎಡಗಡೆಯವಳು ಬೈತಾಳೆ, ಬಲಗಡೆಯವಳು ಮುದ್ದು ಮಾಡ್ತಾಳೆ."

"ಹಾಗಾದ್ರೆ ಬಲಗಡೆಯವಳೇ ಹಾಲು ತರಲಿ."

ನಲವತ್ತೊಂದು ಮಕ್ಕಳಿಗಾಗಿ ಔಷಧಿ ಕಾಯಿಸುವವರು ಯಾರು? ಹಾಗಿದ್ದೂ ಒಂದು ಪ್ರಯೋಗಶಾಲೆಯವರು ಪಟ್ಟು ಹಿಡಿದು ಒಂದು ಸಿರಪ್ ಮಾಡಿದ್ದರು. ಅದು ನಿಜಕ್ಕೂ ಗುಣ ಕೊಡುತ್ತದೆಯೇ ಎಂದು ತಿಳಿಯಲು ಮನೆಗೆ ಆರು ಬಾಟಲಿ, ಒಂದೊಂದೂ ಮೂರು ವಾರಕ್ಕೆ. ಮೂರರಲ್ಲಿ ಔಷಧಿ, ಮೂರರಲ್ಲಿ ಬರೀ ಬಣ್ಣದ ಕಹಿ ನೀರು. ಯಾವುದು ಯಾವುದೆಂದು ಮನೆಯವರಿಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಅದರ ಪಟ್ಟಿ, ಬಾಯಿ ಅಂಟಿಸಿದ ಒಂದು ಲಕೋಟೆಯೊಳಗೆ ಡಾಕ್ಟರಮ್ಮನ ಬಳಿ ಇತ್ತು. ಒಂದೊಂದು ಬಾಟಲಿ ಮುಗಿದಾಗ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಆಸ್ಪತ್ರೆಗೆ ಹೋಗಬೇಕು. ಎಳ್ಳು ಕೈ ಎತ್ತಿ ನಿಲ್ಲುವಳು, ಡಾಕ್ಟರಮ್ಮ ಸೆಕೆಂಡು ಎಣಿಸುವರು.

ಮೊದಲ ಬಾಟಲಿಯ ದಿನದಿಂದಲೇ ದೊಡ್ಡಮ್ಮ ಮನೆಯಲ್ಲಿ ಒಂದು ಆಟ ಹೂಡಿದ್ದಳು. ಕಚೇರಿಯಲ್ಲಿ ಒಡೆದುಹೋದ ಹಲಗೆಯ ಚೂರೊಂದನ್ನು ಕೇಳಿ ತಂದು, ಅದರ ಮೇಲೆ ಸಾಲಾಗಿ ಹತ್ತು ಕಣ್ಣು ಬರೆದಳು. ಒಂದನೆಯದು ಪೂರ್ತಿ ಮುಚ್ಚಿದ್ದು, ಹತ್ತನೆಯದು ಬೆಳಗಿನ ಎಳ್ಳುವಿನದು. ದಿನವೂ ದೀಪ ಹಚ್ಚುವ ಹೊತ್ತಿಗೆ ಅದನ್ನು ಮಗುವಿನ ಕೆನ್ನೆಯ ಪಕ್ಕ ಹಿಡಿದು, ಹೊಂದುವ ಕಣ್ಣು ಹುಡುಕಿ, ಅಂಕಿಯನ್ನು ಒಂದು ಪುಸ್ತಕಕ್ಕೆ ಏರಿಸುವಳು. ಯಾರಿಗೆ ತೋರಿಸಬೇಕೆಂದೂ ಅಲ್ಲ. ಮೂವತ್ತೊಂದು ವರ್ಷ ಅಳೆದ ಕೈ ಅಳೆಯದೆ ಇರಲಾರದು, ಅಷ್ಟೆ.

ಐದನೆಯ ಬಾಟಲಿಯೂ ಮುಗಿದ ಮಂಗಳವಾರ ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕುತ್ತ ನಿಟ್ಟುಸಿರು ಬಿಟ್ಟರು.

"ಐದು ಸಲವೂ ಒಂದೇ ಥರ ಇದೆಯಮ್ಮ. ಕೈ ಒಂದೇ, ಕಣ್ಣು ಒಂದೇ. ಬೇರೆ ಊರುಗಳಿಂದಲೂ ಇದೇ ಬರ್ತಿದೆ. ಆರನೆಯದೂ ಹೀಗೇ ಆದ್ರೆ, ಗುಣ ಇಲ್ಲ ಅಂತ ಬರೆದು ಸಿರಪ್ ಮಾಡೋದನ್ನೇ ನಿಲ್ಲಿಸ್ತಾರೆ."

"ಆಮೇಲೆ?" ಎಂದಳು ತಂಗಿ.

"ಆಮೇಲೆ... ಇನ್ನೊಬ್ಬರು ಯಾರಾದ್ರೂ ಹೊಸದನ್ನ ಹುಡುಕಬೇಕು."

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಸುಮ್ಮನಿರಲಾರದೆ ಹೋದಳು. "ಗುಣ ಇಲ್ಲದೆ ಏನಕ್ಕಾ? ಎರಡನೇ ಬಾಟ್ಲಿ ಕುಡೀವಾಗ ಸಂಜೆ ಇವಳೇ ಜಡೆ ಹಾಕ್ಕೋತಿದ್ಲು. ನನ್ನ ಕಣ್ಣಾರೆ ನೋಡಿದೀನಿ. ನಾನೇನು ಕನಸು ಕಂಡ್ನಾ?"

ದೊಡ್ಡಮ್ಮ ಕಿಟಕಿಯತ್ತ ತಿರುಗಿದಳು. ಬಿಸಿಲು ಬಸ್ಸಿನ ಗಾಜಿಗೆ ಬಡಿದು ಹೊರಗಿನದೆಲ್ಲ ಬೆಳ್ಳಗಾಗಿತ್ತು. ಅದರ ಮೇಲೆ ದೂರದ ಜನರು ಕರಿ ಚುಕ್ಕಿಗಳಂತೆ ಸರಿಯುತ್ತಿದ್ದರು. ಆಕೆಗೆ ಅರೆಜೊಂಪು ಹತ್ತಿತು. ಆ ಜೊಂಪಿನಲ್ಲಿ ಹಳೆಯ ನಕ್ಷತ್ರವೊಂದು ಎದುರು ಬಂದು ನಿಂತಿತು.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಆಕೆ ಒಂದು ನಕ್ಷತ್ರದ ಇನ್ನೂರು ಹಲಗೆ ನೋಡಿ, "ಬದಲಾಗದ್ದು" ಎಂದು ಬರೆದಿದ್ದಳು. ಆರು ವರ್ಷದ ಮೇಲೆ ಭೂಮಿಯ ಆ ಮಗ್ಗುಲಿನವರಿಂದ ಕಾಗದ ಬಂತು: ಅದು ದಿನಕ್ಕೊಮ್ಮೆ ಮಂಕಾಗುತ್ತದೆ. ಅದೂ ಇಲ್ಲಿ, ನಮ್ಮಲ್ಲಿ ಹಗಲಾಗಿರುವಾಗ. ನಾವು ನೋಡಿದಾಗಲೆಲ್ಲ ಮೈತುಂಬ ಬೆಳಗುತ್ತಿದ್ದ ಅದು, ನಾವು ಬೆನ್ನು ತಿರುಗಿಸಿದ ಮೇಲೆ ಸದ್ದಿಲ್ಲದೆ ಬಾಡುತ್ತಿತ್ತು. ಮೇಲಿನ ಅಧಿಕಾರಿ ಬೈಯಲಿಲ್ಲ. ಪುಟ ಮುಂದಿಟ್ಟು, ಗೀಟು ಎಳೆಸಿ, ಸಹಿ ಹಾಕಿಸಿಕೊಂಡರು.

"ಹನ್ನೊಂದು ಗಂಟೆ!" ಎಂದಳು ದೊಡ್ಡಮ್ಮ ಗಟ್ಟಿಯಾಗಿ. ಮುಂದಿನ ಸೀಟಿನವನು ತಿರುಗಿ ತನ್ನ ವಾಚು ನೋಡಿ, "ಒಂದೂಕಾಲು" ಎಂದ.

"ನಿಮ್ಮನ್ನ ಕೇಳಿದ್ದಲ್ಲಪ್ಪ." ಆಕೆ ತಂಗಿಯ ಮೊಣಕೈ ಹಿಡಿದಳು. "ಹನ್ನೊಂದು ಗಂಟೆಗೆ ಈ ಮಗು ಯಾವತ್ತು ಬಾಡಿದೆ ಹೇಳು? ಹನ್ನೊಂದಕ್ಕೆ ನೋಡಿದ್ರೆ ಔಷಧಿ ಕುಡಿದ್ರೂ ಹತ್ತೇ, ನೀರು ಕುಡಿದ್ರೂ ಹತ್ತೇ. ಬೇರೆ ಊರಿನವರೂ ಬೆಳಗ್ಗೆಯೇ ನೋಡ್ತಿರಬೇಕು."

ತಂಗಿ ಬಾಯಿ ತೆರೆದಳು. "ನಿನ್ನ ಪುಸ್ತಕ ಸಂಜೆದಲ್ವಾ?"

"ಸಂಜೆದೇ."

"ಅಕ್ಕಾ! ಬಸ್ ನಿಲ್ಲಿಸು, ಈಗಲೇ ಹೋಗಿ ಹೇಳೋಣ."

"ತಡಿ" ಎಂದಳು ದೊಡ್ಡಮ್ಮ. ಆಕೆಯ ಮುಖ ಇಳಿದುಹೋಗಿತ್ತು. "ಅದರಲ್ಲಿ ಒಂದು ತಪ್ಪಿದೆ."

ತಪ್ಪು ನಾಲ್ಕನೆಯ ಬಾಟಲಿಯಲ್ಲಿ ಆಗಿತ್ತು. ಒಂದು ಸಂಜೆ ಹಡಗಿನಿಂದ ಅಪ್ಪನ ಫೋನು. ಎಳ್ಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, "ದೊಡ್ಡಮ್ಮಾ, ಇವತ್ತು ಎಷ್ಟು? ಅಪ್ಪಂಗೆ ಹೇಳಬೇಕು" ಎಂದಳು. ಗಾಜಿನಲ್ಲಿ ಹೊಂದಿದ್ದು ನಾಲ್ಕನೆಯ ಕಣ್ಣು. ದೊಡ್ಡಮ್ಮನ ಬಾಯಿಂದ ಬಂದದ್ದು "ಏಳು". ಅಪ್ಪ ಅಷ್ಟು ದೂರದ ನೀರಿನ ಮೇಲಿಂದ ಹೋ ಎಂದು ಕೂಗಿದ್ದು ಕೋಣೆಗೆಲ್ಲ ಕೇಳಿಸಿತು. ಹೇಳಿದ್ದನ್ನೇ ಬರೆದಳು. ಮರುದಿನ ನಾಲ್ಕೆಂದು ಬರೆಯಲು ಕೈ ಬರಲಿಲ್ಲ. ಮುಚ್ಚಿದ ಕಾಗದ ಸರಿಸಿ ನಿನ್ನೆಯದನ್ನು ನೋಡಿ, ಆರು ಎಂದು ಬರೆದಳು. ಹೀಗೆ ಆರು ದಿನ ಮೆಲ್ಲಗೆ ಇಳಿಸುತ್ತ ಬಂದು ನಿಜಕ್ಕೆ ಮುಟ್ಟಿಸಿದ್ದಳು. ಮೂವತ್ತೊಂದು ವರ್ಷದಲ್ಲಿ ಯಾವ ನಕ್ಷತ್ರಕ್ಕೂ ಹೀಗೆ ಸುಳ್ಳು ಹೇಳಿರಲಿಲ್ಲ. ನಕ್ಷತ್ರಕ್ಕೆ ಫೋನಿನಲ್ಲಿ ಕಾಯುವ ಅಪ್ಪ ಇರುವುದಿಲ್ಲವಲ್ಲ.

"ಯಾರಿಗೆ ಗೊತ್ತಾಗುತ್ತೆ? ಬಾಯಿ ಮುಚ್ಕೊಂಡು ಕೊಟ್ಟುಬಿಡು" ಎಂದಳು ತಂಗಿ ಮನೆಗೆ ಬಂದು.

"ಆ ಬಾಟ್ಲಿ ನೀರಾಗಿದ್ರೆ?"

"ಔಷಧಿ ಆಗಿದ್ರೆ ಒಳ್ಳೇದೇ ಆಯ್ತಲ್ಲ!"

"ಆಗ ಇನ್ನೂ ಕೆಟ್ಟದ್ದು. ಸುಳ್ಳೇ ಗೆದ್ದ ಹಾಗಾಗುತ್ತೆ. ಮುಂದೆ ನನ್ನ ಕಣ್ಣನ್ನ ನಾನೇ ನಂಬೋದು ಹೇಗೆ?"

"ಆರು ದಿನದ ತಪ್ಪು ಹೇಳಿ, ಅವರು ಪುಸ್ತಕ ಪೂರ್ತಿ ಕಸಕ್ಕೆ ಹಾಕಿದ್ರೆ ಔಷಧಿ ಎಲ್ಲಿಂದ ತರ್ತೀಯಾ? ನಿನ್ನ ಗುಡ್ಡದಿಂದ ತರ್ತೀಯಾ?" ತಂಗಿ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಅವಳ ಮಾತಿನಲ್ಲೂ ಸುಳ್ಳಿರಲಿಲ್ಲ. ಪುಸ್ತಕ ಬಿಟ್ಟರೆ ಎಳ್ಳುವಿನ ಸಂಜೆಗಳ ಪರವಾಗಿ ಮಾತಾಡುವುದು ಬೇರೇನೂ ಇರಲಿಲ್ಲ.

ಶಾಲೆಗೆ ರಜ ಇದ್ದ ದಿನ ದೊಡ್ಡಮ್ಮ ಎಳ್ಳುವನ್ನು ಕಚೇರಿಗೆ ಕರೆದೊಯ್ದಳು. ಹಲಗೆಗಳ ಕೋಣೆ ಯಾವಾಗಲೂ ತಂಪು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನೊಳಗೆ ಸಾಲುಸಾಲು ರಾತ್ರಿಗಳು. ಮಧ್ಯಾಹ್ನ ಕಳೆದು ಎಳ್ಳುವಿನ ರೆಪ್ಪೆ ಜಾರತೊಡಗಿತ್ತು. ಅವಳು ಭೂತಗನ್ನಡಿಯ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. ಬೆಳಕಿನ ಪೆಟ್ಟಿಗೆ ಅವಳ ಗಲ್ಲವನ್ನು ಕೆಳಗಿನಿಂದ ಬೆಳಗಿಸಿ, ಮಗು ಯಾವುದೋ ಬೆಳ್ಳನೆಯ ಕೊಳದ ದಡದಲ್ಲಿ ಕೂತಂತೆ ಕಾಣುತ್ತಿತ್ತು.

"ಇಷ್ಟೊಂದು ಗೀಟು ಯಾಕೆ ನಿಮ್ಮ ಪುಸ್ತಕದಲ್ಲಿ?" ಎಂದಳು, ಪಕ್ಕದ ಹಳೆಯ ದಪ್ಪ ದಾಖಲೆ ಪುಸ್ತಕವನ್ನು ನೋಡಿ.

"ತಪ್ಪು ಬರೆದಿದ್ದಕ್ಕೆ."

"ರಬ್ಬರ್ ಇರ್ಲಿಲ್ವಾ?"

"ಇತ್ತು. ಬಳಸಬಾರದು. ಎಲ್ಲಿ ತಪ್ಪಿದ್ವಿ ಅಂತ ಮುಂದೆ ಬರೋರಿಗೆ ಕಾಣಬೇಕು."

"ಹಾಗಾದ್ರೆ ಅಪ್ಪನ ಏಳಕ್ಕೂ ಗೀಟು ಎಳೀತೀಯಾ?"

ದೊಡ್ಡಮ್ಮ ಕೈಯಲ್ಲಿದ್ದ ಹಲಗೆಯನ್ನು ಜೋಪಾನವಾಗಿ ಕೆಳಗಿಟ್ಟಳು. "ನಿನಗೆ ಗೊತ್ತಿತ್ತೇನೇ?"

"ಅವತ್ತು ಇಬ್ಬರು ದೊಡ್ಡಮ್ಮಂದಿರು ಕಾಣ್ತಿದ್ರು. ಏಳು ಇದ್ದ ದಿನ ಒಬ್ಬಳೇ ಕಾಣ್ತೀಯಾ." ಎಳ್ಳು ಮತ್ತೆ ಭೂತಗನ್ನಡಿಗೆ ಬಾಗಿದಳು. "ಅಪ್ಪಂಗೆ ಖುಷಿಯಾಯ್ತಲ್ಲ, ಅದಕ್ಕೆ ಸುಮ್ಮನಿದ್ದೆ."

ಆ ಸಂಜೆಯೇ ಆರು ಗೀಟು, ಆರು ಸಹಿ ಬಿದ್ದವು.

ಆರನೆಯ ಬಾಟಲಿ ಮುಗಿದು ಮತ್ತೆ ಹನ್ನೊಂದು ಗಂಟೆಯ ಮಂಗಳವಾರ ಬಂತು. ಎಳ್ಳು ಎಂದಿನಂತೆ ಕಂಬದ ಹಾಗೆ ಕೈ ಎತ್ತಿ ನಿಂತಳು. ಡಾಕ್ಟರಮ್ಮ ಲಕೋಟೆಗೆ ಕೈ ಹಾಕಿದಾಗ ದೊಡ್ಡಮ್ಮ ತಡೆದಳು.

"ಡಾಕ್ಟ್ರೇ, ಅದನ್ನ ಒಡೆಯೋ ಮೊದಲು ಇದನ್ನ ತಗೊಳ್ಳಿ. ಒಡೆದ ಮೇಲೆ ಕೊಟ್ರೆ ಇದಕ್ಕೆ ಬೆಲೆ ಇರಲ್ಲ." ಪುಸ್ತಕವನ್ನೂ ಹತ್ತು ಕಣ್ಣಿನ ಗಾಜನ್ನೂ ಮೇಜಿನ ಮೇಲಿಟ್ಟಳು. ಹನ್ನೊಂದು ಗಂಟೆಯ ವಿಷಯ ಹೇಳಿದಳು. ಬದಲಾಗದ ನಕ್ಷತ್ರದ ಕಥೆ ಹೇಳಿದಳು. ಕೊನೆಗೆ, ತಂಗಿ ಕಾಲು ತುಳಿಯುತ್ತಿದ್ದರೂ, "ನಾಲ್ಕನೇ ಬಾಟ್ಲಿಲಿ ಆರು ದಿನ ಸುಳ್ಳು ಬರೆದಿದೀನಿ. ಗೀಟು ಎಳೆದಿದೀನಿ, ಓದೋಕೆ ಬರುತ್ತೆ" ಎಂದಳು.

ಡಾಕ್ಟರಮ್ಮ ಹಾಳೆ ತಿರುವಿದರು. ಬಾಟಲಿಗೊಂದರಂತೆ ಸರಾಸರಿ ಹಾಕಿ ಬೇರೊಂದು ಕಾಗದದಲ್ಲಿ ಬರೆದರು. ಆಮೇಲೆ ಲಕೋಟೆ ಒಡೆದು ಒಂದೊಂದಾಗಿ ಓದಿದರು. ಒಂದನೆಯದು ನೀರು, ಪುಸ್ತಕದಲ್ಲಿ ಮೂರೂವರೆ. ಎರಡನೆಯದು, ಮೂರನೆಯದು ಔಷಧಿ, ಪುಸ್ತಕದಲ್ಲಿ ಏಳರ ಹತ್ತಿರ. ಐದನೆಯದು ಔಷಧಿ, ಏಳು. ಆರನೆಯದು ನೀರು, ಮೂರು ಮುಕ್ಕಾಲು. ನಾಲ್ಕನೆಯದು ನೀರು. ಗೀಟಿಲ್ಲದ ದಿನಗಳೆಲ್ಲ ಮೂರು, ನಾಲ್ಕು. ನಡುವೆ ಆ ಆರು ದಿನ ಬಯಲಿನಲ್ಲೆದ್ದ ದಿಬ್ಬದಂತೆ ನಿಂತಿದ್ದವು.

ಡಾಕ್ಟರಮ್ಮ ಆ ದಿಬ್ಬದ ಮೇಲೆ ಬೆರಳಿಟ್ಟರು.

"ಪುಸ್ತಕ ಕಸಕ್ಕಾ?" ಎಂದಳು ತಂಗಿ.

"ಈ ಗೀಟುಗಳಿಲ್ಲದಿದ್ರೆ ಕಸಕ್ಕೇ ಹೋಗ್ತಿತ್ತು" ಎಂದರು ಡಾಕ್ಟರಮ್ಮ ನಿಧಾನವಾಗಿ. "ಮನೆಯವರು ಪ್ರೀತಿಯಿಂದ ಬರೆದಿದ್ದು ಅಂತ ಪಕ್ಕಕ್ಕಿಡ್ತಿದ್ದೆ. ಈಗ ಪ್ರೀತಿಯಿಂದ ಬರೆದಿದ್ದು ಹೇಗಿರುತ್ತೆ ಅಂತ ಇಲ್ಲೇ ಕಾಣ್ತಿದೆಯಲ್ಲ. ಉಳಿದ ದಿನಗಳು ಹಾಗಿಲ್ಲ." ಅವರು ಗಾಜನ್ನು ಬೆಳಕಿಗೆ ಹಿಡಿದರು. "ಒಂದು ಮನೆ ಪುಸ್ತಕದಿಂದ ಏನೂ ಸಾಬೀತಾಗಲ್ಲಮ್ಮ. ಆದ್ರೆ ನಿಲ್ಲಿಸಬೇಡಿ, ಸಂಜೆ ಹೊತ್ತು ಇನ್ನೊಂದ್ಸಲ ನೋಡಿ ಅಂತ ಕೇಳೋಕೆ ಇಷ್ಟು ಸಾಕು."

ಉತ್ತರ ಬರಲು ಒಂದು ತಿಂಗಳು ಹಿಡಿಯಿತು. ಮತ್ತೆ ಆರು ಬಾಟಲಿ, ಮತ್ತೆ ಮೂರು ಔಷಧಿ, ಮೂರು ನೀರು. ಈ ಸಲ ನಲವತ್ತೊಂದು ಮನೆಗಳಲ್ಲೂ ಸಂಜೆಯ ಅಳತೆ. ಜೊತೆಗೆ ಒಂದು ಕೋರಿಕೆ: ನಲವತ್ತು ಗಾಜು ಬೇಕು.

"ಮತ್ತೆ ನೀರು ಕುಡಿಸಬೇಕಾ?" ಎಂದು ತಂಗಿ ಗೊಣಗಿದಳು. ಗೊಣಗುತ್ತಲೇ ನಲವತ್ತು ಗಾಜಿಗೂ ಸೀಟಿನ ಬಟ್ಟೆಯ ಚೂರಿನಲ್ಲಿ ಚೀಲ ಹೊಲಿದಳು. ಬೆಳಗಿನ ಹೊತ್ತು, ಕೈ ಗಟ್ಟಿಯಿದ್ದಾಗ, ಎಳ್ಳು ದೊಡ್ಡಮ್ಮನ ಪಕ್ಕ ಕೂತು ಕಣ್ಣು ಬರೆಯುತ್ತಿದ್ದಳು. ಹತ್ತನೆಯ ಕಣ್ಣನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಅದು ತನ್ನದೇ ಎಂಬ ಜಂಬ.

ಹೊಸ ಬಾಟಲಿಯ ಐದನೆಯ ಸಂಜೆ. ಬೀದಿಯ ದೀಪಗಳು ಇನ್ನೂ ಹತ್ತಿರಲಿಲ್ಲ. ಮನೆಗಳ ಮೇಲೆ ಆಕಾಶ ಹಾಲು ಕಲೆಸಿದಂತೆ ಮಸುಕಾಗಿ, ಅದರಲ್ಲಿ ಮೊದಲ ನಕ್ಷತ್ರ ಒಂದು ಹರಳಿನಷ್ಟು ಮೂಡಿತ್ತು. ಎಳ್ಳು ಕಿಟಕಿಯಲ್ಲಿ ಗಲ್ಲ ಊರಿ ಕೂತಿದ್ದಳು. ದೊಡ್ಡಮ್ಮ ನಿನ್ನೆಯ ಅಂಕಿಯ ಮೇಲೆ ಕಾಗದ ಮುಚ್ಚಿ, ಗಾಜನ್ನು ಕೆನ್ನೆಯ ಪಕ್ಕ ಹಿಡಿದಳು.

"ಎಷ್ಟು?"

"ಹೇಳಲ್ಲ. ಈ ಸಲ ಅಪ್ಪಂಗೂ ಹೇಳಲ್ಲ."

"ಬೇಡ ಬಿಡು. ನನಗೆ ನನ್ನ ಲೆಕ್ಕ ಇದೆ." ಎಳ್ಳು ಹೊರಗಿನ ನಕ್ಷತ್ರವನ್ನೇ ದಿಟ್ಟಿಸಿದಳು. "ಎರಡಿದಾವೆ ದೊಡ್ಡಮ್ಮಾ. ಆದ್ರೆ ಒಂದರ ಹತ್ರ ಒಂದು ಬರ್ತಿದಾವೆ. ತಡಿ, ತಡಿ... ಅಂಟ್ಕೊಂಡ್ವು. ಇಲ್ಲ, ಮತ್ತೆ ಬಿಟ್ವು."

ದೊಡ್ಡಮ್ಮನಿಗೆ ಆರು ಎಂದು ಬರೆಯುವ ಆಸೆ ಎದೆಯವರೆಗೆ ಬಂತು. ಗಾಜನ್ನು ಇನ್ನೊಂದು ಸಲ ಸರಿಸಿ ನೋಡಿದಳು. ಐದು ಎಂದು ಬರೆದು, ಪುಸ್ತಕ ಮುಚ್ಚಿ, ಮಗುವಿನ ಪಕ್ಕ ಕೂತಳು. ಇಬ್ಬರೂ ಆ ನಕ್ಷತ್ರವನ್ನು, ಅದರ ಅಲೆದಾಡುವ ಜೊತೆಗಾತಿಯನ್ನು ನೋಡುತ್ತ ದೀಪ ಹಚ್ಚುವುದನ್ನೇ ಮರೆತರು.