ಹಾಲಗಡ್ಡಿಯ ಮಡು

ಹೊಳೆಯವ್ವ ಸಿಟ್ಟಾಗಿ ಗಂಡನ ಮನೆ ಬಿಟ್ಟು ಹೊರಟಾಗ ಅವಳ ಟೊಂಕದ ಮೇಲಿದ್ದ ಹಾಲಿನ ಗಡಿಗೆ ಜಾರಿ ಒಡೆಯಿತಂತೆ. ಹಾಲು ಚೆಲ್ಲಿದಲ್ಲಿ ನೆಲ ಹೆಪ್ಪುಗಟ್ಟಿತಂತೆ. ಹಾಲಗಡ್ಡಿ ಹುಟ್ಟಿದ್ದು ಹಾಗೆ ಎಂದು ಅಲ್ಲಿಯ ಮುದುಕಿಯರು ಹೇಳುತ್ತಾರೆ. ಖಾನಾಪುರ ದಾಟಿದ ಮೇಲೆ ಮಲಪ್ರಭೆ ಎರಡು ತೋಳು ಮಾಡಿ ಅಪ್ಪಿಕೊಂಡಿರುವ ತುಂಡು ನೆಲ ಅದು. ಮೇಲ್ತುದಿಯಲ್ಲಿ ನಿಂತು ಕೂಗಿದರೆ ಕೆಳತುದಿಯ ನಾಯಿ ಕಿವಿ ನಿಮಿರಿಸುತ್ತದೆ, ಅಷ್ಟು ಸಣ್ಣದು. ಮಳೆಗಾಲದಲ್ಲಿ ಎರಡೂ ತೋಳು ತುಂಬಿ, ದಂಡೆಯ ಮತ್ತಿಮರಗಳ ಬುಡ ತೊಳೆದು, ಊರೇ ತೇಲಿಹೋಗುತ್ತದೇನೋ ಎನ್ನುವ ಹಾಗೆ ಹೊಳೆ ಬರುತ್ತದೆ. ಬೇಸಿಗೆಯಲ್ಲಿ ತೋಳುಗಳೆರಡೂ ಬತ್ತಿ ಬರೀ ಕಲ್ಲು ಉಳಿಯುತ್ತವೆ. ಆಗ ಕೆಳತುದಿಯಲ್ಲಿ, ಗಡ್ಡೆಯ ಬಾಲದ ಬಳಿ, ಒಂದು ಮಡು ಮಾತ್ರ ನಿಂತಿರುತ್ತದೆ. ಮನುಷ್ಯರಿಗೂ ಕುರಿಗಳಿಗೂ ಅದೇ ನೀರು.

ಮಡುವಿನ ನೀರನ್ನು ಯಾರೂ ನೇರವಾಗಿ ಕುಡಿಯುವುದಿಲ್ಲ. ಪಕ್ಕದ ಉಸುಕಿನಲ್ಲಿ ಮೊಣಕೈ ಆಳ ತೋಡಿದರೆ ತಳದಿಂದ ತಣ್ಣಗೆ, ಕಣ್ಣಿನಷ್ಟು ತಿಳಿಯಾಗಿ ನೀರು ಒಸರುತ್ತದೆ. ಅದನ್ನು ವರತಿ ಎನ್ನುತ್ತಾರೆ. ಹೊಳೆಯವ್ವ ತಾನೇ ಸೋಸಿ ಕೊಟ್ಟ ನೀರು. ಅದನ್ನು ಕಾಯಿಸಿ ಕುಡಿಯುವುದೆಂದರೆ ತಾಯಿ ಕೊಟ್ಟ ತುತ್ತನ್ನು ತೊಳೆದು ತಿಂದ ಹಾಗೆ. ವರತಿ ತೋಡುವ ಕೆಲಸ ಕಾಶವ್ವನದು. ಗಂಡ ಸತ್ತ ಮೇಲೆ ಅವಳು ಮಡುವಿನ ಮಗ್ಗುಲಲ್ಲೇ ಗುಡಿಸಲು ಹಾಕಿಕೊಂಡು, ಒಂದಿಷ್ಟು ಕುರಿ ಕಟ್ಟಿಕೊಂಡು ಇದ್ದಳು.

ಅವಳ ಗಂಡನ ತಮ್ಮ ಮಾಯಪ್ಪ, ಬೀರಪ್ಪನ ಗುಡಿಯ ಪೂಜಾರಿ. ಮಾಯಪ್ಪನ ಹೆಂಡತಿ ಸಿದ್ದಕ್ಕ.

ಸಿದ್ದಕ್ಕನಿಗೆ ಬೇಕಾಗಿದ್ದದ್ದು ಒಂದೇ, ಸೊಸೆ. ಮಗ ಬೀರೇಶ ಬೆಳಗಾವಿಯ ಕ್ಯಾಂಪಿನಲ್ಲಿ ಒಂದು ಬೇಕರಿಯಲ್ಲಿ ಸಂಬಳಕ್ಕಿದ್ದ, ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ. ಆದರೂ ಬಂದ ಹೆಣ್ಣಿನ ಕಡೆಯವರೆಲ್ಲ ಚಹಾ ಕುಡಿದು ಹೋದವರು ಮತ್ತೆ ಮುಖ ತೋರಿಸಲಿಲ್ಲ. ಮಗಳು ತ್ರಿವೇಣಿಯ ಸಂಬಂಧಕ್ಕೆಂದು ಬಂದ ಸಾಂಬ್ರಾದ ನಿಂಗವ್ವ ಮಾತ್ರ ಮುಚ್ಚುಮರೆ ಇಲ್ಲದೆ ಅಂಗಳದಲ್ಲೇ ನಿಂತು ಕೇಳಿದಳು.

“ಬೀಗತಿ, ಮುಂಜಾನೆದ್ದು ಎಲ್ಲಿ ಹೋಗ್ತೀರಿ ನೀವು?”

ಸಿದ್ದಕ್ಕ ದಂಡೆಯ ಪೊದೆಗಳ ಕಡೆ ಕೈ ತೋರಿಸಿದಳು.

“ನಮ್ಮ ತ್ರಿವೇಣಿ ಚಂಬು ಹಿಡ್ಕೊಂಡು ಪೊದಿ ಹುಡುಕೂ ಪೈಕಿ ಅಲ್ರಿ,” ಎಂದು ನಿಂಗವ್ವ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. ಚಹಾ ಹಾಗೇ ಇತ್ತು. “ಹುಡುಗ ಮನಸಿಗೆ ಬಂದಾನ. ಸಂಡಾಸ ಕಟ್ಟಿಸ್ರಿ, ಆಮ್ಯಾಲ ಮಾತಾಡೂಣು.”

ಹಾಲಗಡ್ಡಿಯಲ್ಲಿ ಗುಂಡಿ ತೋಡಿ ಸಂಡಾಸ ಕಟ್ಟಲು ಬರುತ್ತಿರಲಿಲ್ಲ. ಮೊದಲ ಮಳೆಗೇ ಹೊಳೆ ತಳದಿಂದ ಎದ್ದು ಗುಂಡಿ ಉಕ್ಕುತ್ತಿತ್ತು. ಆ ಶ್ರಾವಣದಲ್ಲಿ ಊರಿಗೊಂದು ಯೋಜನೆ ಬಂದಾಗ ಸಿದ್ದಕ್ಕ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದಳು. ಮನೆಮನೆಗೂ ಕೊಳವೆ ಹಾಕಿ, ಹೊಲಸನ್ನೆಲ್ಲ ಒಂದು ದೊಡ್ಡ ತೊಟ್ಟಿಗೆ ಒಯ್ದು, ಅಲ್ಲಿ ಗಾಳಿ ಊದಿ ತಿಳಿ ಮಾಡಿ ಹೊಳೆಗೆ ಬಿಡುವ ಯೋಜನೆ. ಬೆಳಗಾವಿಯಿಂದ ಬಂದ ಎಂಜಿನಿಯರ ಸುಜಯ ಛತ್ರಿ ಹಿಡಿದು ತುಂಬಿದ ಹೊಳೆಯ ಮೇಲಿನ ಮರದ ಸಂಕವನ್ನು ಹೆದರುತ್ತ ದಾಟಿ ಬಂದ.

“ತೊಟ್ಟಿಗೆ ಜಾಗ ನೀವs ತೋರಿಸ್ಬೇಕು. ಎಲ್ಲಾರೂ ಒಪ್ಪಿರಬೇಕು. ತಕರಾರು ಬಂತಂದ್ರ ಯೋಜನೆ ಬ್ಯಾರೆ ಊರಿಗೆ ಹೋಗ್ತದ ನೋಡ್ರಿ,” ಎಂದ.

ತೊಟ್ಟಿ ಎಲ್ಲರಿಗೂ ಬೇಕಿತ್ತು, ತಮ್ಮ ಹಿತ್ತಿಲಲ್ಲಿ ಯಾರಿಗೂ ಬೇಡವಾಗಿತ್ತು. ಮೇಲ್ತುದಿಯಲ್ಲಿ ಮಾಯಪ್ಪನ ಹೊಲವಿತ್ತು, ಕೆಳತುದಿಯಲ್ಲಿ ಕಾಶವ್ವನ ಜಾಗ.

“ಕೆಳಗ ಆಗ್ತದ್ರಿ,” ಎಂದಳು ಸಿದ್ದಕ್ಕ ಎಲ್ಲರಿಗಿಂತ ಮೊದಲು.

ಸುಜಯ ಕೆಳತುದಿಗೆ ಹೋಗಿ ನೋಡಿದ. ಹೊಳೆ ಕೆಂಪಗೆ ಸುತ್ತಿ ಸುಳಿದು ಹೋಗುತ್ತಿತ್ತು. “ಬ್ಯಾಸಗಿಯಾಗೂ ಇಲ್ಲಿ ನೀರು ಹರೀತೈತೇನ್ರಿ?”

ಮೀನು ಹಿಡಿಯುವ ಗನಿ ಸಿದ್ದಕ್ಕನ ಕಡೆ ಬಾಗಿ ಮೆಲ್ಲಗೆ ಹೇಳಿದ. “ವೈನಿ, ಬ್ಯಾಸಗಿಯಾಗ ಅಲ್ಲಿ ನೀರು ನಿಂತಬಿಡ್ತದಲ್ರಿ…”

“ಹಂಗಾರ ನಿನ್ನ ಹಿತ್ತಲದಾಗ ಕಟ್ಟಸೂಣೇನು ಗನಿಭಾಯಿ?” ಎಂದಳು ಸಿದ್ದಕ್ಕ ನಗುತ್ತ. “ನಿಮ್ಮ ಬಿಲ್ಕೀಸಗ ಅಡಗಿಮನಿ ಕಿಡಕಿಯಿಂದ ಚಂದ ಕಾಣ್ತೈತಿ.”

ಎಲ್ಲರೂ ನಕ್ಕರು. ಗನಿಯೂ ನಕ್ಕ. ಸಿದ್ದಕ್ಕ ಎಂಜಿನಿಯರನ ಕಡೆ ತಿರುಗಿ, “ಹರೀತೈತ್ರಿ ಸಾಹೇಬ್ರ. ವರ್ಷಪೂರ್ತಿ,” ಎಂದಳು. ಅಲ್ಲ ಎಂದು ಯಾರೂ ಹೇಳಲಿಲ್ಲ.

ಹೇಳಿದವಳು ಕಾಶವ್ವ ಒಬ್ಬಳೇ. ತೊಯ್ದ ಕಂಬಳಿ ಹೊದ್ದು ಎಲ್ಲರ ಹಿಂದೆ ನಿಂತಿದ್ದವಳು, “ನಾ ಒಲ್ಲೆ,” ಎಂದಳು, ಅಷ್ಟೇ. ತಕರಾರಿಗೆ ಅಷ್ಟು ಸಾಕಿತ್ತು.

ಇಂಥ ಹೊತ್ತಿನಲ್ಲಿ ಹಾಲಗಡ್ಡಿಯವರು ಬೀರಪ್ಪನಿಗೆ ಹೂ ಕೇಳುತ್ತಾರೆ. ದೇವರ ಕಲ್ಲಿನ ಎರಡು ಹೆಗಲಿಗೆ ಒಂದೊಂದು ಕಣಗಿಲ ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸುವುದು, ಕೈಮುಗಿದು ಕೂರುವುದು. ಯಾವ ಹೆಗಲಿನ ಹೂ ಮೊದಲು ಬೀಳುತ್ತದೋ ದೇವರ ಮಾತು ಆ ಕಡೆ. ಆ ಮಾತಿನ ಮೇಲೆ ಮಾತಿಲ್ಲ. ಬಲಕ್ಕೆ ಬಿದ್ದರೆ ಮೇಲ್ತುದಿ, ಎಡಕ್ಕೆ ಬಿದ್ದರೆ ಕೆಳತುದಿ ಎಂದು ಮಾಯಪ್ಪ ದೇವರಿಗೆ ಕೇಳಿಸುವಂತೆ ಹೇಳಿದ.

ದೇವರ ಕಲ್ಲನ್ನು ತೊಳೆದು ಒರೆಸುವುದು ಪೂಜಾರಿಯ ಹೆಂಡತಿಯ ಕೆಲಸ. ಆ ದಿನ ಸಿದ್ದಕ್ಕ ತೊಳೆದಳು, ಒರೆಸಿದಳು. ಒರೆಸಿದ ಮೇಲೆ ಬಲ ಹೆಗಲಿಗೆ ಹೆಬ್ಬೆರಳಿನಿಂದ ಒಂದಿಷ್ಟು ಬೆಲ್ಲದ ಪಾಕ ತಿಕ್ಕಿದಳು. ಮನಸ್ಸಿನಲ್ಲಿ ತ್ರಿವೇಣಿ ಹಸಿರು ಬಳೆ ಹಾಕಿಕೊಂಡು ಹೊಸ್ತಿಲು ದಾಟುತ್ತಿದ್ದಳು.

ಎಡದ ಹೂ ಬಿತ್ತು. ಬಲದ ಹೂ ಆರತಿಯಾದರೂ ಅಲ್ಲೇ ಇತ್ತು. ಸಂಜೆ ಕಲ್ಲಿನ ಬಲ ಹೆಗಲಿಗೆ ಇರುವೆ ಸಾಲು ಹತ್ತಿದ್ದನ್ನು ಮಾಯಪ್ಪ ನೋಡಿದ. ಹೆಂಡತಿಯನ್ನು ನೋಡಿದ. ಕೌದಿ ಹೊದ್ದು ಮಲಗಿದ.

ಕಾಶವ್ವ ದೇವರಿಗೆ ಅಡ್ಡಬಿದ್ದು ಎದ್ದಳು. ಹಣೆಗೆ ಮಣ್ಣು ಅಂಟಿತ್ತು. “ದೇವರs ಕೇಳಿದ ಮ್ಯಾಲ ನನ್ನದೇನೈತಿ ಸಿದ್ದಿ,” ಎಂದಳು. “ನಾ ಒಲ್ಲೆ ಅನ್ನಬಾರದಿತ್ತು.”

“ಹೌದಬೇ ಯಕ್ಕಾ, ಅನ್ನಬಾರದಿತ್ತು,” ಎಂದಳು ಸಿದ್ದಕ್ಕ.

ಹೊಳೆ ಇಳಿದ ಮೇಲೆ ಬತ್ತಿದ ತೋಳಿನ ಕಲ್ಲುಗಳ ಮೇಲೆ ಜೆಸಿಬಿ ಬಂತು. ಮೇಲಿಂದ ಕೆಳಗಿನ ತನಕ ಗಡ್ಡೆಯ ಹೊಟ್ಟೆ ಸೀಳಿ ಕೊಳವೆ ಹೂತರು. ಬೇರು ಕಡಿಸಿಕೊಂಡ ಮತ್ತಿಮರಗಳು ಒಂದೊಂದಾಗಿ ಹೊಳೆಯ ಕಡೆ ವಾಲಿದವು. ಮಿಂಚುಳ್ಳಿಗಳು ಗೂಡು ತೋಡುತ್ತಿದ್ದ ದಂಡೆಯ ಗೋಡೆಯನ್ನು ಕೆಡವಿ ತೊಟ್ಟಿಗೆ ದಾರಿ ಮಾಡಿದರು. ಸಂಜೆ ಹೊತ್ತು ಮಡುವಿನಲ್ಲಿ ಮೂತಿ ಎತ್ತಿ ಸಿಳ್ಳೆ ಹಾಕುತ್ತಿದ್ದ ನೀರುನಾಯಿಗಳು ಆ ಚಳಿಗಾಲದಿಂದ ಕಾಣಲಿಲ್ಲ. ಯಾರೂ ಹುಡುಕಲೂ ಇಲ್ಲ. ಮನೆಮನೆಯಲ್ಲಿ ನೀಲಿ ಟೈಲ್ಸಿನ ಸಂಡಾಸಗಳೆದ್ದವು. ಸಿದ್ದಕ್ಕ ತನ್ನದರ ಬಾಗಿಲಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು.

ವೈಶಾಖದಲ್ಲಿ ತ್ರಿವೇಣಿ ಸೊಸೆಯಾಗಿ ಬಂದಳು. ಮಳೆ ಬಂತು, ತೊಟ್ಟಿಯಿಂದ ಬಂದದ್ದನ್ನೆಲ್ಲ ಹೊಳೆ ಒಂದೇ ಗುಟುಕಿಗೆ ನುಂಗಿ ಒಯ್ದಿತು. ಗಾಳಿ ಊದುವ ಯಂತ್ರ ಆ ಮಳೆಯಲ್ಲೇ ಕೆಟ್ಟಿತು. ವಾಸನೆ ಇರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ. ನವರಾತ್ರಿಯ ಹೊತ್ತಿಗೆ ತ್ರಿವೇಣಿಗೆ ಹುಳಿ ತಿನ್ನುವ ಆಸೆ ಹುಟ್ಟಿತು. ಸಿದ್ದಕ್ಕ ಊರ ತುಂಬ ಸಕ್ಕರೆ ಹಂಚಿದಳು.

ಆಮೇಲೆ ಬೇಸಿಗೆ ಬಂತು.

ತೋಳುಗಳು ಬತ್ತಿದವು. ಮಡು ಮಾತ್ರ ಈ ಸಲ ತಗ್ಗಲಿಲ್ಲ. ದಿನವೂ ಮನೆಮನೆಯಿಂದ ಅದಕ್ಕೆ ನೀರು ಬರುತ್ತಿತ್ತು. ಮೊದಲು ಹಸಿರಾಯಿತು, ಆಮೇಲೆ ಕಪ್ಪಾಯಿತು. ಅಂಚಿಗೆ ಬೂದುಬಣ್ಣದ ನೊರೆ ಕಟ್ಟಿತು. ಒಂದು ಮುಂಜಾನೆ ಗನಿ ಬಲೆ ಹೆಗಲಿಗೆ ಹಾಕಿಕೊಂಡು ಹೋದವನು ಬಲೆ ಬಿಚ್ಚದೆ ತಿರುಗಿ ಬಂದ. ಮೀನುಗಳೆಲ್ಲ ಬೆಳ್ಳನೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ವರತಿ ಮಾತ್ರ ತಿಳಿಯಾಗಿಯೇ ಇತ್ತು. ಉಸುಕಿನಡಿಯಿಂದ ಕಣ್ಣು ತೆರೆದ ಹಾಗೆ ಒಸರುತ್ತಿತ್ತು. ಊರು ಅದನ್ನೇ ಕುಡಿಯಿತು, ತ್ರಿವೇಣಿಯೂ ಕುಡಿದಳು.

ಏಳು ತುಂಬಿದಾಗ ಕುಬುಸ. ಬಸುರಿಗೆ ಹಸಿರು ಸೀರೆ ಉಡಿಸಿ, ಮಡಿಲು ತುಂಬಿ, ಹೊಸ ವರತಿಯ ಮೊದಲ ನೀರು ಕುಡಿಸಬೇಕು. ಸಿದ್ದಕ್ಕ ಹಿಂದಿನ ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಳತುದಿಗೆ ಹೋದಳು.

“ಯಕ್ಕಾ, ನಾಳಿಗೆ ಹೊಸಾ ವರತಿ ತೋಡು.”

ಕಾಶವ್ವ ಕುರಿಗಳ ನಡುವೆ ಕುಳಿತಿದ್ದಳು. ಅವು ಎಲುಬಿನ ಹಂದರವಾಗಿದ್ದವು. “ಸಿದ್ದಿ, ಈ ಸಲ ಈ ನೀರು ಬ್ಯಾಡ ತಂಗಿ. ಕುರಿ ಮೂಸಿ ನೋಡಿ ಹೊಳ್ಳಿ ಬರ್ತಾವ. ಎರಡು ಕಂದ ಹಾಕ್ಯಾವ, ಸತ್ತ ಮರಿ. ಬಸರಿ ಹುಡುಗಿಗೆ ಏನರ ಆದೀತು.”

ಸಿದ್ದಕ್ಕನ ಮುಖಕ್ಕೆ ರಕ್ತ ಏರಿತು. ಮೂಗಿನ ಮೇಲಿನ ಸೆರಗು ತೆಗೆದಳು. “ಏನಾದೀತ? ಹಡೀಲಾರದ ಹೊಟ್ಟಿ ನಿಂದು, ಹಡಿಯೋ ಹೊಟ್ಟಿ ಕಂಡ್ರ ಉರಿ ಬೀಳ್ತೈತೇನು? ಕಂದ ಹಾಕ್ಯಾವಂತ ನನ್ನ ಮೊಮ್ಮಗನ ಹೆಸರ ಮ್ಯಾಲ ನುಡೀತೀಯಲ್ಲ, ನಾಲಿಗಿ ಐತೋ ಚಾಕು ಐತೋ?”

“ಹಂಗಲ್ಲವಾ…”

“ತೋಡು ಅಂದ್ರ ತೋಡು.”

ಕಾಶವ್ವ ತೋಡಿದಳು. ಮರುದಿನ ಮುಂಜಾನೆ ಮಿಂದು, ತಾಮ್ರದ ಕೊಡ ತುಂಬಿ, ಬಾಯಿಗೆ ಮಾವಿನೆಲೆ ಇಟ್ಟು ಹೊತ್ತು ತಂದಳು. ಒಳಗೆ ಸೋಬಾನೆ ಹಾಡು ಕೇಳುತ್ತಿತ್ತು. ಸಿದ್ದಕ್ಕ ಹೊಸ್ತಿಲಲ್ಲೇ ಕೊಡ ಇಸಿದುಕೊಂಡಳು.

“ಒಳಗ ಮುತ್ತೈದೇರು ಅದಾರು. ನೀ ಯಾಕ ಯಕ್ಕಾ? ಹಿತ್ತಲಕ್ಕ ಹೋಗು, ಹೋಳಗಿ ಕೊಟ್ಟ ಕಳಸ್ತೀನಿ.”

ಹೋಳಿಗೆ ಕಳಿಸಲು ಅವಳಿಗೆ ನೆನಪಾಗಲಿಲ್ಲ.

ತ್ರಿವೇಣಿ ಬಟ್ಟಲನ್ನು ತುಟಿಗಿಟ್ಟು ತಡೆದಳು. “ಅತ್ತಿ, ವಾಸನಿ ಬಂದಂಗ ಆಗ್ತೈತಿ. ಬಾಟಲಿ ನೀರು ಕುಡೀಲೇನ್ರಿ?”

“ಬಸರಿ ಮೂಗಿಗೆ ಮಲ್ಲಿಗಿನೂ ನಾರತೈತಿ. ಕುಡಿ,” ಎಂದಳು ಸಿದ್ದಕ್ಕ. ಹೆಂಗಸರು ನಕ್ಕರು. ತ್ರಿವೇಣಿ ಕುಡಿದಳು.

ನಿಂಗವ್ವ ಮಗಳನ್ನು ಅಂದೇ ತವರಿಗೆ ಕರೆದೊಯ್ಯಲು ಬಂದಿದ್ದಳು. ಸಿದ್ದಕ್ಕ ಬಿಡಲಿಲ್ಲ. ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದು ನೀಲಿ ಟೈಲ್ಸು ತೋರಿಸಿದಳು. “ನೋಡ್ರಿ ಬೀಗತಿ, ಸಾಂಬ್ರಾದಾಗ ನಿಮ್ಮ ಮನ್ಯಾಗೂ ಇಂಥಾದ್ದಿಲ್ಲ. ಒಂಬತ್ತಕ್ಕ ಕಳಸ್ತೀನಿ, ತಡೀರಿ.” ಎಂದೋ ಕಟ್ಟೆಯ ಮೇಲೆ ಉಳಿದಿದ್ದ ಚಹಾದ ಸೇಡು ಅದು. ನಿಂಗವ್ವ ತಲೆ ತಗ್ಗಿಸಿ ಹೋದಳು.

ಒಂಬತ್ತು ಆಗುವ ಮೊದಲೇ ತ್ರಿವೇಣಿಯ ಕಣ್ಣು ಹಳದಿಯಾದವು. ಊರಲ್ಲಿ ಆಗಲೇ ಕೆಲವರು ಕಾಮಣಿ ಬಂದು ಮಲಗಿದ್ದರು. ಅವರು ಜಾಂಬೋಟಿಯ ಕಡೆಯ ಬೇರು ಅರೆದು ಕುಡಿದು ಎದ್ದು ಕೂತರು. ಅದೇ ಬೇರನ್ನು ಸಿದ್ದಕ್ಕ ಸೊಸೆಗೂ ಕುಡಿಸಿದಳು, ಅದೇ ವರತಿ ನೀರಲ್ಲಿ ಕದಡಿ. ತ್ರಿವೇಣಿಗೆ ಮಾತು ತೊದಲಿದಾಗ ಬೀರೇಶ ಅವಳನ್ನು ಬೆಳಗಾವಿಯ ಆಸ್ಪತ್ರೆಗೆ ಒಯ್ದ.

ಡಾಕ್ಟರು ಎಳೆಯ ಹೆಣ್ಣುಮಗಳು, ನಿದ್ದೆಗೆಟ್ಟ ಕಣ್ಣು. “ಹೊಲಸು ನೀರಿನಿಂದ ಬರೂ ಕಾಮಣಿ ಇದು. ಬ್ಯಾರೆಯವರಿಗೆ ವಾಸಿ ಆಗ್ತದ, ಬಸರಿದ್ದವರಿಗೆ ಭಾಳ ಕೆಟ್ಟದ್ದು. ಯಾವ ನೀರು ಕುಡಿಸೀರಿ?”

ಬೀರೇಶ ಬಾಯಿ ತೆರೆದ. ಸಿದ್ದಕ್ಕ ಅವನಿಗಿಂತ ಮೊದಲೇ, “ಚೊಲೋ ನೀರs ಕುಡಿಸೀವ್ರಿ,” ಎಂದಳು.

ಕೂಸು ಸತ್ತೇ ಹುಟ್ಟಿತು. ಗಂಡು. ತ್ರಿವೇಣಿ ಬದುಕಿದಳು. ಕಣ್ಣು ಬಿಟ್ಟಾಗ ಅತ್ತೆಯನ್ನು ನೋಡಿ ಗೋಡೆಯ ಕಡೆ ಹೊರಳಿದವಳು ಮತ್ತೆ ಈ ಕಡೆ ತಿರುಗಲಿಲ್ಲ. ನಿಂಗವ್ವ ಅಳಲಿಲ್ಲ. ಮಗಳ ಸೀರೆಗಳನ್ನು ಚೀಲಕ್ಕೆ ತುಂಬುತ್ತ, “ಇನ್ನ ಆಕಿ ಹೊಳಿ ದಾಟೂದಿಲ್ಲ,” ಎಂದಳು. ಬೀರೇಶನೂ ಹೆಂಡತಿಯ ಹಿಂದೆ ಸಾಂಬ್ರಾಕ್ಕೆ ಹೊರಡಲು ಬೈಕಿನ ಚಾವಿ ಕೈಗೆ ತೆಗೆದುಕೊಂಡ.

ಸಿದ್ದಕ್ಕ ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಳು. ಹಾಲಗಡ್ಡಿಯಲ್ಲಿ ಅವಳ ಮಾತು ಆಗಲೇ ಕೆಲಸ ಮಾಡಿತ್ತು. ಕಾಶವ್ವ ಬಸುರಿಯ ಮೇಲೆ ಕೆಟ್ಟದ್ದು ನುಡಿದಳೆಂದು ಸಿದ್ದಕ್ಕ ಕುಬುಸದ ದಿನವೇ ಮನೆಮನೆಗೂ ಹೇಳಿದ್ದಳು. ಕೂಸಿನ ಸುದ್ದಿ ಮುಟ್ಟಿದ ಮೇಲೆ ಊರವರು ಕಾಶವ್ವನ ಗುಡಿಸಲಿಗೆ ಕಲ್ಲು ಎಸೆದಿದ್ದರು, ಅವಳು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಆ ಪಡಸಾಲೆಯ ತುದಿಯಲ್ಲಿ ಕಾಶವ್ವ ಕಾಣಿಸಿಕೊಂಡಳು. ಎಂದೂ ಬೆಳಗಾವಿ ನೋಡದವಳು, ಯಾರು ಯಾರನ್ನೋ ಕೇಳುತ್ತ ಬಂದಿದ್ದಳು. ಹಣೆಯ ಮೇಲೆ ಕಲ್ಲಿನ ಗಾಯ ಕಪ್ಪಾಗಿತ್ತು. ಅವಳ ಕಣ್ಣೂ ಹಳದಿಯಾಗಿದ್ದವು. ಸಿದ್ದಕ್ಕನ ಮುಂದೆ ಕುಸಿದು ಕೂತು ಅವಳ ಕಾಲು ಹಿಡಿದಳು.

“ಸಿದ್ದಿ, ನನ್ನ ನಾಲಿಗಿ ಸುಡ್ಲಿ. ನಾ ನುಡೀಬಾರದಿತ್ತು. ಜಾಗಾ ಕೊಡೂ ಮುಂದನೂ ಒಲ್ಲೆ ಅಂದೆ, ನೀರು ಕೊಡೂ ಮುಂದನೂ ಒಲ್ಲೆ ಅಂದೆ. ದೇವರು ಆ ಸಿಟ್ಟ ಕೂಸಿನ ಮ್ಯಾಲ ತೀರಿಸಿದ. ನಂದs ತಪ್ಪು ತಂಗಿ. ಹೊಟ್ಯಾಗ ಹಾಕ್ಕೋ.”

ಓಡಾಡುವವರು ನಿಂತು ನೋಡಿದರು. ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದ ನಿಂಗವ್ವ ನೋಡಿದಳು. ಅವಳ ಹಿಂದೆ ಬೀರೇಶ, ತಾಯಿಯ ಮುಖವನ್ನೇ ನೋಡುತ್ತಿದ್ದ. ತಪ್ಪು ನಿನ್ನದಲ್ಲ, ನನ್ನದು ಎನ್ನುವ ಒಂದು ಮಾತು ಸಾಕಿತ್ತು. ಅದು ಸಿದ್ದಕ್ಕನ ಗಂಟಲ ತನಕ ಬಂದದ್ದೂ ನಿಜ.

ಅವಳು ಅದನ್ನು ನುಂಗಿದಳು. ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕಾಶವ್ವನ ನರೆತ ತಲೆಯ ಮೇಲೆ ಕೈ ಇಟ್ಟಳು.

“ಆತು ಏಳು,” ಎಂದಳು. “ಏನ ಮಾಡೂದು, ಒಂದs ಮನಿಯವರು. ಹೊಟ್ಯಾಗ ಹಾಕ್ಕೊಂಡೆ.”